ಬೀದರ್ ಥಂಡಿಗಿ ಮಣ್ಣಿನ ಚಿಮಿನಿಯಾ: ತಗೊಳ್ಳೋಕಿಂತ ಮೊದ್ಲು ಓದ್ರಿ

ನೇರ ವಿಷಯಕ್ಕ ಬರ್ತೀನಿ. ನಾಕೈದು ಮಂದಿ ಕುರ್ಚಿ ಹಾಕ್ಕೊಂಡು ಕೈಕಾಲು ಕಾಯಿಸ್ಕೋತ ಹರಟಿ ಹೊಡಿಲಾಕ ಮಣ್ಣಿನ ಚಿಮಿನಿಯಾ, ಅಂದ್ರ ಅಂಗಳದಾಗ ಇಟ್ಟು ಬೆಂಕಿ ಹಾಕೋ ಮಣ್ಣಿನ ಒಲಿ, ಅಗ್ದಿ ಛಲೋ ಸಾಮಾನು. ಇಪ್ಪತ್ತು ಮಂದಿ ಕರ್ದು ದೊಡ್ಡ ಉರಿ ಎಬ್ಬಿಸಬೇಕು, ಸುತ್ತ ಕುಣಿಬೇಕು ಅನ್ನೋರಿಗಿ ಇದು ಅಲ್ಲ, ಅಂಥೋರು ಕಬ್ಬಣದ ಫೈರ್ ಪಿಟ್ಟೇ ತಗೋರಿ. ಯಾಕಂದ್ರ ಇದರ ಬಾಯಿ ಇರೋದು ಒಂದೇ ಕಡಿ, ಕಾವು ಜಾಸ್ತಿ ಹೊರಗ ಬರೋದು ಅಲ್ಲಿಂದೇ, ಬಾಯಿ ಮುಂದ ಕುಂತಂವ ರಾಜ, ಹಿಂದ ಕುಂತಂವ ಚಾದರ ಹೊದ್ಕೊಂಡೇ ಕೂಡಬೇಕು. ಇದು ಮಾರೋರು ಯಾರೂ ಹೇಳಲ್ಲ, ಫೋಟೋದಾಗ ಮಾತ್ರ ಸುತ್ತಲೂ ನಕ್ಕೋತ ಕುಂತಿರ್ತಾರ.

ಗೊತ್ತಿಲ್ದೋರಿಗಿ ಒಂದ್ ಮಾತು. ದುಂಡನ ಹೊಟ್ಟಿ, ಮುಂದ ದೊಡ್ಡ ಬಾಯಿ, ಮ್ಯಾಲ ಸಣ್ಣ ಆಗ್ಕೋತ ಹೋಗೋ ಕುತ್ತಿಗಿ, ಅದೇ ಚಿಮಣಿ. ಮೂಲ ಮೆಕ್ಸಿಕೋ ದೇಶದ್ದು, ಅಲ್ಲಿ ಹಿಂದಕ ಮನಿ ಬೆಚ್ಚಗಿಡ್ಲಾಕ, ಅಡಗಿ ಮಾಡ್ಲಾಕ ಬಳಸ್ತಿದ್ರು, ಈಗ ಎಲ್ಲಾ ಕಡಿ ಅಂಗಳದಾಗ ಇಡ್ತಾರ. ನಮ್ಮವ್ವ ನೋಡಿ "ಇದೇನಪಾ, ರಂಜಣಿಗಿಗಿ ಹೊಟ್ಟಿ ಕೊರ್ದು ತಂದೀದಿ" ಅಂದ್ಳು, ನೋಡಿದ್ರ ಹಂಗೇ ಅದ. ನಮ್ಮ ಶೆಗಡಿಗೂ ಇದಕ್ಕೂ ಫರಕ್ ಏನಂದ್ರ, ಒಮ್ಮೆ ಕುತ್ತಿಗಿ ಬಿಸಿ ಆಯ್ತಂದ್ರ ಹೊಗಿ ಸೀದಾ ಮ್ಯಾಲ ಎಳ್ಕೊಂಡು ಹೋಗ್ತದ, ಕಣ್ಣಾಗ ನೀರು ಬರಲ್ಲ. ಶುರೂಕ ಒಂದಿಷ್ಟು ಹೊಗಿ ಬಾಯಿಂದ ಬಂದೇ ಬರ್ತದ, ಅದಕ್ಕ ಹೆದರಿ "ಡಿಫೆಕ್ಟ್ ಪೀಸ್" ಅಂತ ಜಗಳಕ್ಕ ಹೋಗಬ್ಯಾಡ್ರಿ.

ಬೀದರಿನ್ಯಾಗ ಇದು ಬೇಕಾ ಅಂತ ಬೆಂಗಳೂರಾಗಿನ ದೋಸ್ತ್ ಕೇಳ್ದ. ಅವರೆಲ್ಲಾ ಕಲಬುರಗಿ ಬೀದರ್ ಅಂದ್ರ ಬರೇ ಬಿಸಿಲು ಅಂತ ತಿಳ್ಕೊಂಡಾರ. ಡಿಸೆಂಬರ್ ಜನವರಿದಾಗ ರಾಜ್ಯದಾಗ ಎಲ್ಲರಕಿಂತ ಕಮ್ಮಿ ಟೆಂಪರೇಚರ್ ಅಂತ ಪೇಪರಿನ್ಯಾಗ ಮತ್ತ ಮತ್ತ ನಮ್ಮ ಊರ ಹೆಸರೇ ಬರ್ತದ, ರಾತ್ರಿ 10 ಡಿಗ್ರಿಕಿಂತ ಕೆಳಗ ಇಳಿಯೋದು ನಮಗೇನು ಹೊಸದಲ್ಲ. ಎಳ್ಳಮಾಸಿ ಹೊತ್ತಿಗಿ ಹೊರಗ ಕೂಡಬೇಕಂದ್ರ ಏನರ ಒಂದು ಬೆಂಕಿ ಬೇಕೇ ಬೇಕು.

ಮೊದ್ಲು ಆನ್‌ಲೈನ್ ತರ್ಸಿದ್ದೆ, ಸೈಟಿನ ಹೆಸರು ಬ್ಯಾಡ. ಪ್ಯಾಕಿಂಗ್ ಎಲ್ಲಾ ಭರ್ಜರಿ, ಬಿಚ್ಚಿ ನೋಡಿದ್ರ ಕುತ್ತಿಗಿ ಬುಡದಾಗ ಕೂದಲೆಳಿ ಅಷ್ಟು ಬಿರುಕು, ಕಸ್ಟಮರ್ ಕೇರಿನವರು "ಸರ್ ಅದು ಹ್ಯಾಂಡ್‌ಮೇಡ್ ಫಿನಿಶ್" ಅಂದ್ರು. ಏನ್ ಮಾತದ್ರಿ ಇದು! ವಿಡಿಯೋ ಕಳಿಸಿ, ಜಗ್ಗಾಡಿ, ಕಡೀಕ ರೊಕ್ಕ ವಾಪಸ್ ಬಂತು. ಆಮ್ಯಾಲ ಹೈದರಾಬಾದ್ ರೋಡಿಗಿ ಹೂವಿನ ಪಾಟು, ಮಣ್ಣಿನ ಗೊಂಬಿ ಮಾರೋ ಒಂದು ದುಕಾನದಾಗ ಮುಟ್ಟಿ ನೋಡಿ ತಗೊಂಡೆ, ಚೌಕಾಸಿ ಮಾಡಿದ್ಮ್ಯಾಲ ಕಬ್ಬಣದ ಸ್ಟ್ಯಾಂಡ್ ಸಮೇತ 4,000ದ ಒಳಗ ಕೂತು. ನನ್ನ ಕೇಳಿದ್ರ ಮಣ್ಣಿನ ಸಾಮಾನು ಮುಟ್ಟದೇ ತಗೋಬಾರ್ದು, ಡಿಸ್ಕೌಂಟ್ ಎಷ್ಟೇ ಇರ್ಲಿ.

ದುಕಾನದಾಗ ನೋಡೋದೇನಂದ್ರ, ಬೆರಳ ಗೆಣ್ಣಿನಿಂದ ಹೊಟ್ಟಿ ಸುತ್ತ ಬಡ್ದು ನೋಡ್ರಿ, ಗಡಿಗಿ ತಗೊಳ್ಳೋವಾಗ ನಮ್ಮ ಹೆಣ್ಮಕ್ಕಳು ಬಡ್ದು ನೋಡ್ತಾರಲ್ಲ ಹಂಗೇ. ಟಣ್ ಅಂದ್ರ ಸೈ, ಎಲ್ಲರ ಥಪ್ ಅಂತ ಸತ್ತ ಸಪ್ಪಳ ಬಂತಂದ್ರ ಒಳಗ ಬಿರುಕು ಅದ ಅಥವಾ ಸರಿ ಬೆಂದಿಲ್ಲ. ಬಾಯಿ ಅಂಚು, ಹೊಟ್ಟಿಗಿ ಕುತ್ತಿಗಿ ಕೂಡೋ ಜಾಗ, ಇವೆರಡೇ ಮೊದ್ಲು ಕೈ ಕೊಡೋದು, ಮೊಬೈಲ್ ಟಾರ್ಚ್ ಹಾಕಿ ಒಳಗ ಹೊರಗ ಎರಡೂ ಕಡಿ ನೋಡ್ರಿ. ಗೋಡಿ ಒಂದ್ ಕಡಿ ದಪ್ಪ ಒಂದ್ ಕಡಿ ತೆಳ್ಳಗ ಇದ್ರ ಬಿಟ್ಬಿಡ್ರಿ, ಕಾವು ಒಂದೇ ಸಮ ಹಿಡಿಯಲ್ಲ, ಅಂಥಲ್ಲೇ ಸೀಳ್ತದ. ಸ್ಟ್ಯಾಂಡ್ ಮ್ಯಾಲ ಕೂಡ್ಸಿ ಅಲ್ಲಾಡ್ಸಿ ನೋಡ್ರಿ. ನನಗ ಕೊಟ್ಟ ಸ್ಟ್ಯಾಂಡಿನ ಒಂದು ಕಾಲು ಗಿಡ್ಡ ಇತ್ತು, ಬದಲಿ ಮಾಡಿ ಕೊಟ್ರು, ಆದ್ರ ನಾ ಕೇಳಿದ್ಮ್ಯಾಲೇ ಕೊಟ್ರು. ಮತ್ತ ಎತ್ತೋವಾಗ ಕುತ್ತಿಗಿ ಹಿಡ್ದು ಎತ್ತಬಾರ್ದು, ಬಾಯಿ ಹಿಡ್ದೂ ಎತ್ತಬಾರ್ದು, ಇಬ್ಬರು ಹೊಟ್ಟಿ ಕೆಳಗ ಕೈ ಕೊಟ್ಟು ಎತ್ತಬೇಕು. ದುಕಾನದ ಹುಡುಗನೇ ಕುತ್ತಿಗಿ ಹಿಡ್ದು ಟಂಟಂಗಾಡಿಗಿ ಏರಿಸ್ಲಾಕ ಹೊಂಟಿದ್ದ, ಬಿಡಿಸ್ದೆ.

ಈಗ ಅಸಲಿ ವಿಷಯ. ತಂದ ದಿನಾನೇ ದೊಡ್ಡ ಉರಿ ಹಾಕಿದ್ರ ಈ ಸಾಮಾನು ಅವತ್ತೇ ಸೀಳ್ತದ. ಮಣ್ಣು ನೋಡ್ಲಾಕ ಒಣಗಿದಂಗ ಕಂಡ್ರೂ ಒಳಗ ಪಸಿ ಇರ್ತದ, ಆ ಪಸಿ ಒಮ್ಮೆಲೇ ಉಗಿ ಆಯ್ತಂದ್ರ ಹೊರಗ ಹೋಗ್ಲಾಕ ದಾರಿ ಸಾಲಲ್ಲ, ಪಟ್ ಅಂತ ಒಡೀತದ. ಅದಕ್ಕೇ ಮೊದ್ಲಿನ ಕೆಲವು ಸಲ ಬರೇ ಪೇಪರ್ ಮತ್ತ ಸಣ್ಣ ಪುಳ್ಳಿ ಹಾಕಿ ಹಗೂರಕ ಉರಿಸಬೇಕು, ತಾನೇ ಆರಬೇಕು, ಪೂರಾ ತಣ್ಣಗ ಆಗೋತನಕ ಬಿಡಬೇಕು, ಆಮ್ಯಾಲ ಮುಂದಿನ ಸಲ ಸ್ವಲ್ಪ ಹೆಚ್ಚ, ಹಿಂಗ ಮಾಡ್ಕೋತ ಹೋಗಬೇಕು. ಹೊಸಾ ತಂದೂರ್ ಭಟ್ಟಿಗೂ ಇದೇ ರೀತಿ ಅದ, ಹೋಟೆಲಿನವರು ಮೊದ್ಲ ದಿನಾನೇ ರೊಟ್ಟಿ ಬಡಿಯಲ್ಲ. ನಮ್ಮ ಓಣ್ಯಾಗಿನ ಕುಂಬಾರ ಕಾಕಾನ ಮುಂದ ಹೇಳ್ದಾಗ ಆತ ನಕ್ಕ, "ತಮ್ಮಾ, ಗಡಿಗಿ ಸುಡೋ ಆವಿಗಿ ಹಚ್ಚೋವಾಗ ನಾವೂ ಮೊದ್ಲು ಹೊಗಿನೇ ಕೊಡ್ತೀವಿ, ಉರಿ ಆಮ್ಯಾಲ" ಅಂದ. ನಾ ಓದಿ ತಿಳ್ಕೊಂಡಿದ್ದು ಆತ ಒಂದ್ ಮಾತಿನ್ಯಾಗ ಮುಗಿಸ್ಬಿಟ್ಟ.

ಇದಕ್ಕಿಂತ ಮೊದ್ಲು ಒಳಗ ತಳಕ್ಕ ಉಸುಕು ಹಾಕೋದು ಮರೀಬ್ಯಾಡ್ರಿ, 3-4 ಇಂಚು, ಬಾಯಿ ಕೆಳಗಿನ ಅಂಚಿಗಿ ಸ್ವಲ್ಪ ಕೆಳಗ ನಿಲ್ಲಬೇಕು, ಅಂದ್ರ ಕೆಂಡ ಸೀದಾ ಮಣ್ಣಿಗಿ ತಾಗಲ್ಲ. ಉಸುಕು ಬಿಸಿಲಿಗಿ ಹಾಕಿ ಒಣಗ್ಸಿರಬೇಕು. ಕೆಲವರು ಹೊಳಿ ಕಲ್ಲು ತಂದು ಹಾಕ್ತಾರ, ಛಂದ ಕಾಣ್ತದ ಅಂತ, ಅದು ಬ್ಯಾಡ, ನೀರು ಕುಡ್ದ ಕಲ್ಲು ಬೆಂಕ್ಯಾಗ ಸಿಡೀತದ. ಒಳಗಿನ ಕಟಗಿ ಗೋಡಿಗಿ ಆತುಕೊಂಡು ನಿಲ್ಲಬಾರ್ದು, ನಡುವೇ ಇರಬೇಕು, ದೂರದಿಂದ ಎಸೀಬಾರ್ದು. ಕುತ್ತಿಗಿ ಮ್ಯಾಲಿಂದ ಉರಿ ಹೊರಗ ಬರ್ಲತ್ತದ ಅಂದ್ರ ಕಟಗಿ ಜಾಸ್ತಿ ಆಗ್ಯಾದ ಅಂತ ಅರ್ಥ, ಅದು ನೋಡ್ಲಾಕ ಭಾರಿ ಮಸ್ತ್ ಇರ್ತದ ಖರೆ, ರೀಲ್ಸ್ ಮಾಡೋರಿಗಿ ಅದೇ ಬೇಕು, ಮಣ್ಣಿಗಿ ಮಾತ್ರ ಅದೇ ಸಾವು. ಇನ್ನ ಆರಿಸ್ಲಾಕ ನೀರು ಹಾಕೋದಂತೂ ಕನಸಿನ್ಯಾಗೂ ಬ್ಯಾಡ. ಕಲಬುರಗ್ಯಾಗ ನಮ್ಮ ಷಡ್ಡಕ ಇದನ್ನೇ ನೋಡಿ ಒಂದು ತಂದಿದ್ದ, ರಾತ್ರಿ ಮಲ್ಕೊಳ್ಳೋಕಿಂತ ಮೊದ್ಲು ಸೇಫ್ಟಿ ಅಂತ ಒಂದು ಚರಗಿ ನೀರು ಹೊಯ್ದಾನ, ಹೊಟ್ಟಿ ಎರಡು ಹೋಳು, ಮ್ಯಾಲ ಬಿಸಿ ಉಗಿ ಬಡ್ದು ಮುಂಗೈ ಕೆಂಪಾಗಿತ್ತು. ಉಸುಕು ಚೆಲ್ಲಿ ಮುಚ್ಚಬೇಕು, ಅದಕ್ಕೇ ಬಾಜೂಕ ಒಂದು ಬುಟ್ಟಿ ಉಸುಕು ಇಟ್ಟಿರಬೇಕು. ಬಕೆಟ್ ನೀರೂ ಇರ್ಲಿ, ಕಿಡಿ ಎಲ್ಲರ ಹಾರಿ ಬೇರೆ ಏನರ ಹತ್ಕೊಂಡ್ರ ಬೇಕಾಗ್ತದ, ಚಿಮಿನಿಯಾದಾಗ ಹೊಯ್ಲಾಕ ಅಲ್ಲ.

ಎಲ್ಲಿ ಇಡಬೇಕು ಅನ್ನೋದು ನಮ್ಮ ಕಡಿ ಜರಾ ತಲಿ ಓಡ್ಸಬೇಕಾದ ವಿಷಯ. ಅಂಗಳಕ್ಕೆಲ್ಲಾ ನಾವು ಹಾಕ್ಸಿರೋದು ಶಹಾಬಾದ್ ಫರ್ಸಿ. ಅದು ಸುಣ್ಣದ ಕಲ್ಲು, ಪದರ ಪದರ ಇರ್ತದ, ಒಂದೇ ಜಾಗಕ್ಕ ಕಾವು ಬಿತ್ತಂದ್ರ ಚಕ್ಕಿ ಏಳ್ತದ ಇಲ್ಲಾ ಸೀಳ್ತದ, ಹಸಿ ಇದ್ರಂತೂ ಇನ್ನೂ ಲಗೂನ. ಸ್ಟ್ಯಾಂಡ್ ಇದ್ರೂ ಕೆಳಗ ಒಂದು ಸಾಲು ಇಟ್ಟಂಗಿ ಹಾಸ್ರಿ. ಬರೇ ಮುರುಮ್ ನೆಲ ಇದ್ರ ಭಾಳ ಛಲೋ, ಮಟ್ಟ ಮಾಡಿ ಇಟ್ರ ಆಯ್ತು. ಮನಿ ಗೋಡಿ, ಪತ್ರಾಸ್, ಗಿಡದ ಟೊಂಗಿ, ಒಣ ಹಾಕಿದ ಬಟ್ಟಿ, ಎಲ್ಲದರಿಂದ 10 ಫೂಟ್ ದೂರ. ಮಾಳಗಿ ಮ್ಯಾಲ ಇಡ್ತೀವಿ ಅನ್ನೋರು ಪ್ಲಾಸ್ಟಿಕ್ ನೀರಿನ ಟಾಕಿ, ಕೇಬಲ್ ವೈರು, ಸೋಲಾರಿನ ಪೈಪು ಎಲ್ಲಿ ಅವ ನೋಡ್ಕೋರಿ, ಮ್ಯಾಲ ಗಾಳಿನೂ ಜೋರಿರ್ತದ, ನನಗಂತೂ ಮಾಳಗಿ ಸರಿ ಅನಸಲ್ಲ. ಹಳ್ಳ್ಯಾಗ, ಹೊಲದಾಗ ಇಡೋರಿಗಿ ಒಂದೇ ಮಾತು: ಬಣಮಿ. ಕಣಕಿ ಬಣಮಿಗಿ ಒಂದು ಕಿಡಿ ಸಾಕು, ವರ್ಷದ ಮೇವು ಹೋಗ್ತದ, ಅಲ್ಲಿ 10 ಫೂಟ್ ಲೆಕ್ಕಕ್ಕ ಬರಲ್ಲ, ಬಣಮಿ ಕಾಣೋ ಜಾಗದಾಗ ಹಚ್ಚಲೇಬ್ಯಾಡ್ರಿ. ಕುತ್ತಿಗಿ ಬಾಯಿಗಿ ಕಬ್ಬಣದ ಜಾಳಗಿ ಕೂಡ್ಸಿದ್ರ ಕಿಡಿ ಭಾಳ ಕಮ್ಮಿ ಆಗ್ತಾವ, ವೆಲ್ಡಿಂಗ್ ಅಂಗಡ್ಯಾಗ ಮಾಡಿ ಕೊಡ್ತಾರ, ದುಕಾನದವರು ಇದು ಕೊಡೋದಿಲ್ಲ, ಕೊಡಬೇಕಿತ್ತು.

ಕಟಗಿ ವಿಷಯ. ನಮ್ಮಲ್ಲಿ ತೊಗರಿ ಕಟಗಿಗಿ ಬರ ಇಲ್ಲ, ಆದ್ರ ಅದು ಭರ್ ಅಂತ ಹತ್ತಿ ಭರ್ ಅಂತ ಮುಗೀತದ, ಒಮ್ಮೆಲೇ ಎತ್ತರ ಉರಿ ಏಳ್ತದ, ಮಣ್ಣಿಗಿ ಅಷ್ಟು ಲಗೂನ ಕಾವು ಬ್ಯಾಡ. ಬೆಂಕಿ ಹಚ್ಲಾಕ ಒಂದು ಹಿಡಿ ತೊಗರಿ ಕಟಗಿ ಸಾಕು, ಮುಂದ ಜಾಲಿ ಸಣ್ಣ ತುಂಡು, ಅದರ ಕೆಂಡ ಭಾಳ ಹೊತ್ತು ನಿಲ್ತದ. ಹಸಿ ಕಟಗಿ ಹಾಕಿದ್ರ ಹೊಗೀನೂ ಜಾಸ್ತಿ, ಕಿಡೀನೂ ಜಾಸ್ತಿ. ಬಡಿಗ್ಯಾರ ಹತ್ರ ಪುಕಟ ಸಿಗ್ತದ ಅಂತ ಪ್ಲೈವುಡ್ ತುಂಡು, ಬಣ್ಣ ಹಚ್ಚಿದ ಚೌಕಟ್ಟು ತಂದು ಹಾಕಬ್ಯಾಡ್ರಿ, ಅದರಾಗಿನ ಅಂಟು, ಬಣ್ಣದ ಹೊಗಿ ಎದಿಗಿ ಕೆಟ್ಟದು. ಪೆಟ್ರೋಲ್, ಸೀಮೆಎಣ್ಣಿ ಚೆಲ್ಲಿ ಹಚ್ಚೋರಿಗಿ ಏನ್ ಹೇಳ್ಲಿ, ಹಿಂಗ ಹೊಟ್ಟ್ಯಾಗ ಆವಿ ಕೂತು ಬಾಯಿಂದ ಉರಿ ಹೊರಗ ಹಾರಿದ್ರ ಮುಖ ಇರೋದು ಅಲ್ಲೇ ಅಲ್ಲಾ?

ಇನ್ನೊಂದು ಖಡಕ್ ಆಗಿ ಹೇಳ್ತೀನಿ. ಇದು ಹೊರಗಿನ ಸಾಮಾನು, ಕೋಣಿ ಒಳಗ ತರಬಾರ್ದು, ಇದರಾಗಿನ ಕೆಂಡಾನೂ ತರಬಾರ್ದು. ಬಾಣಂತಿ ಹೊರಸಿನ ಕೆಳಗ ಕೆಂಡ ಇಡೋದು ನಮ್ಮ ಕಡಿ ಇನ್ನೂ ಅದ, ಮೊದ್ಲಿನ ಮನಿಗಿ ಬೆಳಕಿಂಡಿ ಇತ್ತು, ಹೆಂಚು ನಡುವ ಸಂದಿ ಇತ್ತು, ಈಗಿನ ಸ್ಲ್ಯಾಬ್ ಮನ್ಯಾಗ ಕಿಡಕಿ ಬಾಗಿಲ ಹಾಕಿದ್ರ ಗಾಳಿ ಆಡಲ್ಲ. ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡಿಗಿ ಬಣ್ಣ ಇಲ್ಲ, ವಾಸನಿ ಇಲ್ಲ, ನಿದ್ದ್ಯಾಗ ಇದ್ದೋರಿಗಿ ಗೊತ್ತೇ ಆಗಲ್ಲ. ಹಿರೇರು ಬೈದ್ರೂ ಬೈಸ್ಕೋರಿ, ಬಿಸಿನೀರ ಚೀಲ ಕೊಡ್ರಿ ಸಾಕು.

ಸಣ್ಣ ಹುಡುಗೂರು ಇದ್ರ ಯಾರರ ಒಬ್ಬರು ಎದ್ದು ಹೋಗದೇ ಕೂಡಬೇಕು. ಕಬ್ಬಣದಷ್ಟು ಅಲ್ಲದಿದ್ರೂ ಮಣ್ಣಿನ ಹೊಟ್ಟಿನೂ ಚರ್ಮ ಸುಡೋ ಅಷ್ಟು ಕಾಯ್ತದ, ಉರಿ ಆರಿದ ಮ್ಯಾಲೂ ಭಾಳ ಹೊತ್ತು ಬಿಸಿ ಇರ್ತದ, ನೋಡಿದ್ರ ತಣ್ಣಗ ಕಾಣ್ತದ, ಅದೇ ಧೋಕಾ. ನೈಲಾನ್ ಸೀರಿ ಸೆರಗು, ಉದ್ದ ಶಾಲು ಉರಿ ಕಡಿ ಜೋತು ಬಿಡಬ್ಯಾಡ್ರಿ, ಬಿಗಿಯಾಗಿ ಸುತ್ತಿ ಸಿಗಿಸ್ಕೊಂಡು ದೂರ ಕೂಡ್ರಿ. ಸುಟ್ರ ಹರಿಯೋ ತಣ್ಣೀರ ಕೆಳಗ 20 ನಿಮಿಷ ಹಿಡೀರಿ, ಪೇಸ್ಟ್ ಗೀಸ್ಟ್ ಹಚ್ಚಬ್ಯಾಡ್ರಿ. ಬೂದಿ ಮರುದಿನ ತಗೀರಿ, ತಗಡಿನ ಡಬ್ಬ್ಯಾಗೇ ಹಾಕ್ರಿ.

ಖುಷಿ ಮಾತಿಗಿ ಬರ್ತೀನಿ. ಉರಿ ಇಳ್ದು ಕೆಂಡ ಆದ್ಮ್ಯಾಲ ಬಾಯಿ ಹತ್ರ ಸೀತನಿ, ಅಂದ್ರ ಎಳೆ ಜೋಳದ ತೆನಿ ಇಟ್ಟು ಹೊಳ್ಳಿಸ್ಕೋತ ಸುಟ್ವಿ, ತೆನಿ ಮ್ಯಾಲ ಕಪ್ಪು ಚುಕ್ಕಿ ಬೀಳ್ಲತ್ತಂದ್ರ ತಗ್ದು ಬಿಸಿ ಬಿಸಿ ಅಂಗೈಯಾಗ ತಿಕ್ಕಿ, ಊದಿ, ಹಸಿರು ಕಾಳಿಗಿ ಶೇಂಗಾ ಹಿಂಡಿ ಕಲಸ್ಕೊಂಡು ತಿಂದ್ರ ಆ ರುಚಿನೇ ಬ್ಯಾರೆ. ಬದನಿಕಾಯಿನೂ ಛಲೋ ಸುಡ್ತದ. ರೊಟ್ಟಿ, ಚಿಕನ್ ಅಂತ ಕನಸು ಕಾಣಬ್ಯಾಡ್ರಿ, ಬಾಯಿ ಇಕ್ಕಟ್ಟು, ಕೈ ಸುಡ್ತದ, ಅದರ ಕೆಲಸ ಅದಲ್ಲ.

ನನ್ನ ಕಡಿಂದ 5ಕ್ಕ ಮೂರೂವರಿ. ಅರ್ಧ ಮಾರ್ಕ್ ಕತ್ತರಿಸಿದ್ದು ಭಾರಕ್ಕ, ಒಬ್ಬನ ಕೈಲಿ ಜಾಗ ಬದಲಿ ಮಾಡ್ಲಾಕ ಆಗಲ್ಲ. ಪೂರಾ ಒಂದು ಮಾರ್ಕ್ ದುಕಾನದವರಿಗಿ, ಮಾರೋವಾಗ ಉಸುಕಿನ ಮಾತಿಲ್ಲ, ಮೊದ್ಲು ಸಣ್ಣ ಉರಿ ಹಾಕ್ರಿ ಅನ್ನೋ ಮಾತಿಲ್ಲ, ಒಂದು ಚೀಟಿ ಬರ್ದು ಕೊಟ್ರ ಏನ್ ಹೋಗ್ತಿತ್ತು? ಮಳಿಗಾಲದಾಗ ಹೊರಗ ಬಿಟ್ರ ಮಣ್ಣು ನೀರು ಕುಡೀತದ, ಅದಕ್ಕ ಪಡಸಾಲ್ಯಾಗ ಇಲ್ಲಾ ಶೆಡ್ಡಿನ್ಯಾಗ ಇಟ್ಟಂಗಿ ಮ್ಯಾಲ ಎತ್ತಿ ಇಡಬೇಕು, ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿದ್ರ ಒಳಗೇ ಬೆವರ್ತದ, ಜರಾ ಗಾಳಿ ಆಡ್ಲಿ. ಹೊರಗಿನ ಮೈಗಿ ನೀರು ತಡಿಯೋ ಅಕ್ರಿಲಿಕ್ ಸೀಲರ್ ಹಚ್ಚಬಹುದು, ಒಳಗ ಏನೂ ಹಚ್ಚಬಾರ್ದು. ಸಣ್ಣ ಬಿರುಕಿಗಿ ಮಾಮೂಲಿ ಸಿಮೆಂಟ್ ನಿಲ್ಲಲ್ಲ, ಹಾರ್ಡ್‌ವೇರ್ ದುಕಾನದಾಗ ಫೈರ್ ಸಿಮೆಂಟ್ ಅಂತ ಕೇಳಿ ತರ್ರಿ, ಬಿರುಕು ದೊಡ್ಡದಿದ್ರ ಅದರಾಗ ಮಣ್ಣು ತುಂಬಿ ತುಳಸಿ ಹಚ್ರಿ. ತಗೊಳ್ಳೋ ಮನಸಿದ್ರ ಥಂಡಿ ಬರೋತನಕ ಕಾಯಬ್ಯಾಡ್ರಿ, ಬ್ಯಾಸಿಗ್ಯಾಗ ಗಿರಾಕಿ ಇರಲ್ಲ, ರೇಟ್ ಇಳಿಸ್ತಾರ, ನಮ್ಮ ಬಿಸಿಲಿಗಿ ಮಣ್ಣು ಪುಕಟ ಒಣಗ್ತದ.