ಬೇರೆ ಸಾಫ್ಟ್‌ವೇರ್‌ನಲ್ಲಿ ಪಿಸಿಬಿ ಫೈಲ್ ತೆರೆದುಕೊಂಡಿತು ಅಂತ ಬೋರ್ಡ್ ಮಾಡಿಸಬೇಡಿ

ಟೇಬಲ್ ಮೇಲೆ ಇಡೀ ದಿನ ಚೆನ್ನಾಗಿ ಓಡಿದ ಪಿಸಿಬಿ, ಅಂದರೆ ಬಿಡಿಭಾಗಗಳನ್ನು ತಾಮ್ರದ ಗೆರೆಗಳಿಂದ ಜೋಡಿಸುವ ಸರ್ಕ್ಯೂಟ್ ಬೋರ್ಡ್ ಅದು. ತಗಡಿನ ಡಬ್ಬಿಯಲ್ಲಿ ಕೂರಿಸಿ, ನಾಲ್ಕೂ ಸ್ಕ್ರೂ ಬಿಗಿದು ಪವರ್ ಕೊಟ್ಟೆ. ಚಟ್ ಅಂತ ಸದ್ದು, ಸುಟ್ಟ ವಾಸನೆ. ಬಿಚ್ಚಿ ನೋಡಿದರೆ ಒಂದು ಸ್ಕ್ರೂ ತಲೆಯ ಕೆಳಗೆ ತಾಮ್ರವನ್ನು ಮುಚ್ಚುವ ಹಸಿರು ಲೇಪ (ಮಾಸ್ಕ್) ಕೆರೆದುಹೋಗಿ ತಾಮ್ರ ಕಾಣುತ್ತಿತ್ತು. 12 ವೋಲ್ಟಿನ ತಾಮ್ರ ಅದು. ಡಬ್ಬಿ ಗ್ರೌಂಡ್‌ಗೆ ಸೇರಿತ್ತು.

ಈ ತಪ್ಪಿನ ಬೇರು ಎರಡು ವರ್ಷ ಹಿಂದಿನದು. ಆಗ ಉಚಿತವಾಗಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಒಂದು ಡಿಸೈನ್ ಸಾಫ್ಟ್‌ವೇರ್ ಆರಿಸಿಕೊಂಡೆ. ತಾಮ್ರದ ಎರಡೇ ಪದರ (ಲೇಯರ್), ಬೋರ್ಡಿನ ಅಳತೆಗೂ ಮಿತಿ. ಅದರ ಫೈಲನ್ನು ಇನ್ನೊಂದು ಕಡೆ ಒಯ್ಯಲು ಆಗುತ್ತದೆಯೇ ಎಂದು ಯೋಚಿಸಲೇ ಇಲ್ಲ. ನಾಲ್ಕು ಲೇಯರ್ ಬೇಕಾದಾಗ ಬೇರೆ ಸಾಫ್ಟ್‌ವೇರ್‌ಗೆ ಇಂಪೋರ್ಟ್ ಮಾಡಿದೆ. ಒಂದೇ ನಿಮಿಷದಲ್ಲಿ ತೆರೆಯಿತು. ಟ್ರ್ಯಾಕ್‌ಗಳೆಲ್ಲ ಇದ್ದ ಜಾಗದಲ್ಲೇ ಇದ್ದವು, ಬಿಡಿಭಾಗಗಳ ಹೆಸರೂ ಸರಿ.

ಹಳೆಯದರಲ್ಲಿ ಸ್ಕ್ರೂ ತೂತುಗಳ ಸುತ್ತ ‘ಇಲ್ಲಿ ತಾಮ್ರ ಬರಕೂಡದು’ ಎನ್ನುವ ವೃತ್ತವೊಂದನ್ನು ಬೇರೆ ಲೇಯರ್‌ನಲ್ಲಿ ಹಾಕಿದ್ದೆ. ಹೊಸದರಲ್ಲಿ ವೃತ್ತ ಉಳಿದಿತ್ತು, ಆದರೆ ಬರಿಯ ಗೆರೆಯಾಗಿ. ಅದರ ನಿರ್ಬಂಧ ಹೋಗಿತ್ತು. ಪೋರ್ (ಖಾಲಿ ಜಾಗವನ್ನೆಲ್ಲ ತುಂಬುವ ತಾಮ್ರ) ಮತ್ತೆ ತುಂಬಿಸಿದಾಗ ತಾಮ್ರ ತೂತಿನ ಅಂಚಿನ ತನಕ ಹರಿದಿತ್ತು. ಡಿಆರ್‌ಸಿಯಲ್ಲಿ, ಅಂದರೆ ಸಾಫ್ಟ್‌ವೇರ್ ಮಾಡುವ ನಿಯಮ ಪರೀಕ್ಷೆಯಲ್ಲಿ, ಒಂದೂ ದೋಷ ಬರಲಿಲ್ಲ. ನಿಯಮವೇ ಇಲ್ಲದ ಮೇಲೆ ಅದು ಯಾವುದಕ್ಕೆ ಹೋಲಿಸಿ ನೋಡಬೇಕು? ಇಂಪೋರ್ಟ್ ಮುಗಿದಾಗ ಬಂದ ಎಚ್ಚರಿಕೆಗಳ ಉದ್ದ ಪಟ್ಟಿಯನ್ನು ನಾನು ಓದದೆ ಮುಚ್ಚಿದ್ದೆ. ಅದೊಂದನ್ನು ಓದಿದ್ದರೆ ಸಾಕಿತ್ತು.

ಸಾಫ್ಟ್‌ವೇರ್ ಆರಿಸುವ ಮೊದಲೇ ಒಂದು ಪುಟ್ಟ ಬೋರ್ಡ್ ಬರೆಯಿರಿ: ಎರಡು ರೆಸಿಸ್ಟರ್, ಒಂದು ಪೋರ್, ಒಂದು ಸ್ಕ್ರೂ ತೂತು, ಒಂದು ನಿರ್ಬಂಧಿತ ಜಾಗ. ಅದನ್ನು ಎಕ್ಸ್‌ಪೋರ್ಟ್ ಮಾಡಿ ಇನ್ನೊಂದರಲ್ಲಿ ತೆರೆದು, ಪೋರ್ ತುಂಬಿಸಿ, ಅಳೆದು ನೋಡಿ. ಅರ್ಧ ದಿನದ ಕೆಲಸ, ಅಷ್ಟೆ. ಗರ್ಬರ್ ಇದೆಯಲ್ಲ ಎಂಬ ಧೈರ್ಯ ಬೇಡ. ಗರ್ಬರ್ ಅಂದರೆ ಬೋರ್ಡ್ ಮಾಡಿಸಲು ಕಳಿಸುವ ಫೈಲ್, ಲೇಯರ್‌ಗೊಂದು ಚಿತ್ರ. ಅದರಿಂದ ನಿಮ್ಮ ಸ್ಕೀಮ್ಯಾಟಿಕ್ (ಸರ್ಕ್ಯೂಟಿನ ನಕ್ಷೆ) ವಾಪಸ್ ಬರುವುದಿಲ್ಲ. ಆದರೆ ಫ್ಯಾಕ್ಟರಿ ನೋಡುವುದು ಅದನ್ನೇ. ಹಾಗಾಗಿ ಕಳಿಸುವ ಮುಂಚೆ ಗರ್ಬರ್ ಮತ್ತು ತೂತುಗಳ ಜಾಗ, ಅಳತೆ ಇರುವ ಡ್ರಿಲ್ ಫೈಲ್ ಎರಡನ್ನೂ ಬೇರೆಯದೇ ವ್ಯೂವರ್‌ನಲ್ಲಿ ಒಂದರ ಮೇಲೊಂದು ಇಟ್ಟು ನೋಡಿ. ಡ್ರಿಲ್ ಫೈಲಿನಲ್ಲಿ ಇಂಚು, ಮಿಲಿಮೀಟರ್ ಅದಲುಬದಲಾದರೆ 25.4 ಪಟ್ಟು ವ್ಯತ್ಯಾಸ, ಅದು ಅಲ್ಲೇ ಕಣ್ಣಿಗೆ ಹೊಡೆಯುತ್ತದೆ.

ಆವೃತ್ತಿಯ ವಿಷಯವೂ ಇದೆ. ಕಿಕ್ಯಾಡ್ ಎಂಬ ಪಿಸಿಬಿ ಸಾಫ್ಟ್‌ವೇರ್‌ನ ಫೈಲ್ ಸಾದಾ ಪಠ್ಯವಾಗಿರುತ್ತದೆ, ಅದು ಒಳ್ಳೆಯದು. ಆದರೆ ಹೊಸ ಪ್ರಮುಖ ಆವೃತ್ತಿಯಲ್ಲಿ ಸೇವ್ ಮಾಡಿದ್ದನ್ನು ಹಳೆಯದು ತೆರೆಯುವುದಿಲ್ಲ. ಜೊತೆಗೆ ಕೆಲಸ ಮಾಡುವವರೆಲ್ಲ ಒಂದೇ ಆವೃತ್ತಿಯಲ್ಲಿರಿ. ಈಗಲ್ ಎಂಬ ಇನ್ನೊಂದು ಪಿಸಿಬಿ ಸಾಫ್ಟ್‌ವೇರ್ ಬಳಸಿದವರು ತಡಮಾಡಬೇಡಿ. ಅದರ ಕೊನೆಯ ದಿನ 2026ರ ಜೂನ್ 7 ಎಂದು ಅದರ ಕಂಪನಿ ಆಟೋಡೆಸ್ಕ್ 2023ರಲ್ಲೇ ಹೇಳಿತ್ತು. ಈಗಲ್‌ನ 6ನೇ ಆವೃತ್ತಿಗೂ ಹಿಂದಿನ ಫೈಲುಗಳು ಬೈನರಿ, ಅಂದರೆ ಪಠ್ಯವಾಗಿ ಓದಲು ಬಾರದವು. ಹೊಸ ಈಗಲ್ ಇನ್ನೂ ಕೈಯಲ್ಲಿದ್ದರೆ ಅವನ್ನು ತೆರೆದು ಎಕ್ಸ್‌ಎಂಎಲ್ ಎಂಬ ಪಠ್ಯ ರೂಪದಲ್ಲಿ ಸೇವ್ ಮಾಡಿ, ಸ್ಕೀಮ್ಯಾಟಿಕ್‌ನ ಪಿಡಿಎಫ್ ಕೂಡ ತೆಗೆದಿಟ್ಟುಕೊಳ್ಳಿ.

ಉಳಿದ ಒಂಬತ್ತು ಬೋರ್ಡುಗಳಿಗೆ ನೈಲಾನ್ ಸ್ಕ್ರೂ, ನೈಲಾನ್ ಸ್ಪೇಸರ್ ಹಾಕಿ ಓಡಿಸುತ್ತಿದ್ದೇನೆ.