ಮೊಳೆ, ಟೈಪ್‌ರೈಟರ್, ಡಿಟಿಪಿ: ಮೂರನ್ನೂ ಮಾಡಿ ನೋಡಿದವನ ಹೋಲಿಕೆ

1981ರಿಂದ 2023ರವರೆಗೆ ನಾನು ಹೊಟ್ಟೆ ಹೊರೆದದ್ದು ಒಂದೇ ಕೆಲಸದಿಂದ. ಬೇರೆಯವರು ಕೈಯಲ್ಲಿ ಬರೆದು ತಂದದ್ದನ್ನು ಅಚ್ಚಿನ ಅಕ್ಷರಕ್ಕೆ ಇಳಿಸಿಕೊಡುವುದು ಆ ಕೆಲಸ. ಅದನ್ನು ಮೂರು ಬಗೆಯಲ್ಲಿ ಮಾಡಿದೆ. ಮೊದಲ ಹನ್ನೊಂದು ವರ್ಷ ಗದುಗಿನ ಒಂದು ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಲೋಹದ ಬಿಡಿ ಅಚ್ಚಕ್ಷರ, ಜೋಡಿಸುವ ಕಂಪೋಜಿಟರ್ ಆಗಿದ್ದೆ. ನಂತರದ ಒಂಬತ್ತು ವರ್ಷ ಕೋರ್ಟಿನ ಕಾಂಪೌಂಡಿಗೆ ಅಂಟಿಕೊಂಡ ತಗಡಿನ ಚಪ್ಪರದ ಕೆಳಗೆ ಕನ್ನಡ ಟೈಪ್‌ರೈಟರ್ ಇಟ್ಟುಕೊಂಡು ಕುಳಿತೆ. 2001ರಿಂದ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲೇ ಅಕ್ಷರ ಹೊಡೆದು ಪುಟ ಕಟ್ಟುವ ಕೆಲಸ, ಮಾಡಿದೆ. ಮೂರರಲ್ಲಿ ಯಾವುದು ಒಳ್ಳೆಯದಿತ್ತು ಎಂದು ಈಗಲೂ ಜನ ಕೇಳುತ್ತಾರೆ, ಕೇಳುವವರು ತಮ್ಮ ಮನಸ್ಸಿನಲ್ಲಿ ಕಂಪ್ಯೂಟರ್ ಎಂಬ ಉತ್ತರವನ್ನು ಮೊದಲೇ ಇಟ್ಟುಕೊಂಡಿರುತ್ತಾರೆ. ವೇಗ ಮತ್ತು ಸಂಪಾದನೆಯನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಆ ಉತ್ತರ ತಪ್ಪಲ್ಲ. ನಾನು ಮಾತ್ರ ಈ ಮೂರನ್ನು ಬೇರೆ ತಕ್ಕಡಿಯಲ್ಲಿ ತೂಗುತ್ತ ಬಂದಿದ್ದೇನೆ: ತಪ್ಪಾದಾಗ ತಿದ್ದುವವರು ಯಾರು, ತಿದ್ದುವ ಕೂಲಿ ಕೊಡುವವರು ಯಾರು?

ಕಲಿಕೆಯಿಂದ ಆರಂಭಿಸುತ್ತೇನೆ. ಗದಗ-ಬೆಟಗೇರಿಯನ್ನು ಮುದ್ರಣ ಕಾಶಿ ಎಂದು ಕರೆಯುವ ರೂಢಿಯಿದೆ. ನಾನು ಕೆಲಸಕ್ಕೆ ಸೇರಿದಾಗ ಪಂಚಾಂಗ, ಕಂಪನಿ ನಾಟಕದ ಪುಸ್ತಕ, ಪುರಾಣ, ಪಾವತಿ ಪುಸ್ತಕ, ಲಗ್ನಪತ್ರಿಕೆ ಎಲ್ಲವೂ ಅಲ್ಲಿ ಮೊಳೆಯಲ್ಲೇ ಅಚ್ಚಾಗುತ್ತಿದ್ದವು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿದ್ದರಿಂದ ಅಪ್ಪ ನನ್ನನ್ನು ಅಲ್ಲಿಗೆ ಕರೆದೊಯ್ದ. ಮೊದಲ ಆರು ತಿಂಗಳು ಒಂದು ಸಾಲನ್ನೂ ಜೋಡಿಸಲು ಬಿಡಲಿಲ್ಲ, ಅಚ್ಚಾಗಿ ಬಂದ ಪುಟಗಳನ್ನು ಬಿಚ್ಚಿ ಮೊಳೆಗಳನ್ನು ಮರಳಿ ಅವವುಗಳ ಮನೆಗೆ, ಅಂದರೆ ಕೇಸು ಎಂಬ ತಟ್ಟೆಯ ಖಾನೆಗೆ, ಹಾಕುವ ಡಿಸ್ಟ್ರಿಬ್ಯೂಷನ್ ಕೆಲಸವಷ್ಟೇ ಕೊಟ್ಟರು. ಇಂಗ್ಲಿಷಿಗೆ ಎರಡು ಕೇಸು ಸಾಕು, ಕನ್ನಡಕ್ಕೆ ನಾಲ್ಕು ಕೇಸುಗಳ ನಡುವೆ ನಿಲ್ಲಬೇಕಾಗಿತ್ತು. ಗುಡಿಸು ಹತ್ತಿದ ಅಕ್ಷರಕ್ಕೆ ಬೇರೆ ಮೊಳೆ, ಒತ್ತಿಗೆ ಬೇರೆ ಮೊಳೆ, ಕೊಂಬಿಗೆ ಇನ್ನೊಂದು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರಲ್ಲಿ ಮೊಳೆಯ ಗೊಡವೆಯೇ ಇಲ್ಲದೆ ಕಲ್ಲಚ್ಚಿನಲ್ಲಿ ಹೊರಬಂದಿತ್ತು ಎಂಬುದನ್ನು ಬಹಳ ವರ್ಷಗಳ ನಂತರ ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಫೋರ್‌ಮನ್ನರು ಹಿಂದೆ ನಿಂತು ಹೇಳುತ್ತಿದ್ದದ್ದು ಒಂದೇ ಮಾತು: “ತಮ್ಮಾ, ಕಣ್ಲೆ ಹುಡುಕಬ್ಯಾಡೋ. ಕೈಗೆ ಮನಿ ಗೊತ್ತಿರಬೇಕು.”

ಕೈಗೆ ಮನೆ ಗೊತ್ತಾಗಲು ಎರಡು ವರ್ಷ ಹಿಡಿಯಿತು. ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್ ಎಂಬ ಪಟ್ಟಿ ಹಿಡಿದು, ಬಲಗೈಯಲ್ಲಿ ಒಂದೊಂದೇ ಮೊಳೆಯನ್ನು ತಲೆಕೆಳಗಾಗಿ ಎಡದಿಂದ ಬಲಕ್ಕೆ ಕೂರಿಸುತ್ತ, ಸಾಲು ಬಿಗಿಯಾಗುವಂತೆ ಪದಗಳ ನಡುವೆ ಸ್ಪೇಸ್ ತುರುಕಿ, ಸಾಲುಗಳ ನಡುವೆ ಲೆಡ್ ಎಂಬ ತೆಳು ಪಟ್ಟಿ ಇಟ್ಟು ಗ್ಯಾಲಿ ಎಂಬ ತಟ್ಟೆಗೆ ಇಳಿಸುವ ಹೊತ್ತಿಗೆ, ಕ್ರೌನ್ ಅಳತೆಯ ಒಂದು ಪುಟಕ್ಕೆ ಪಳಗಿದ ಕೈಗೂ ಎರಡು ಎರಡೂವರೆ ಗಂಟೆ ಬೇಕಾಗುತ್ತಿತ್ತು. ಅದೇ ಪುಟವನ್ನು ಡಿಟಿಪಿಯಲ್ಲಿ ನಾನು ಹದಿನೈದು ನಿಮಿಷದಲ್ಲಿ ಮುಗಿಸುತ್ತಿದ್ದೆ. ಇಲ್ಲಿ ಹೋಲಿಕೆಗೆ ಅವಕಾಶವೇ ಇಲ್ಲ.

ಟೈಪ್‌ರೈಟರಿನ ಕಲಿಕೆ ಇಷ್ಟು ಉದ್ದದ್ದಲ್ಲ. ಪ್ರೆಸ್ಸಿನಲ್ಲಿದ್ದಾಗಲೇ ಸಂಜೆ ಇನ್‌ಸ್ಟಿಟ್ಯೂಟಿಗೆ ಹೋಗಿ ಕನ್ನಡ ಜೂನಿಯರ್ ಮತ್ತು ಸೀನಿಯರ್ ಎರಡನ್ನೂ ಪಾಸು ಮಾಡಿಕೊಂಡಿದ್ದೆ. ನನ್ನ ಯಂತ್ರದಲ್ಲಿದ್ದದ್ದು 46 ಕೀಲಿ, ಶಿಫ್ಟ್ ಸೇರಿ 92 ಗುರುತುಗಳು. ನಾಲ್ಕು ಕೇಸುಗಳಲ್ಲಿ ಹರಡಿಕೊಂಡಿದ್ದ ಕನ್ನಡವನ್ನು ಇಷ್ಟರಲ್ಲಿ ಕೂರಿಸಬೇಕಾದರೆ ಅಕ್ಷರವನ್ನು ತುಂಡು ಮಾಡಲೇಬೇಕು: ಮೈ ಒಂದು ಕೀಲಿಯಲ್ಲಿ, ತಲೆಕಟ್ಟೋ ಗುಡಿಸೋ ಇನ್ನೊಂದರಲ್ಲಿ. ಕನ್ನಡದ ಬೆರಳಚ್ಚು ಕೀಲಿಮಣೆಯನ್ನು ರೂಪಿಸಿದ ಅನಂತ ಸುಬ್ಬರಾಯರ ಜಾಣತನ ಎಂಥದ್ದು ಎಂಬುದು, ಮೊಳೆಯಲ್ಲಿ ಹನ್ನೊಂದು ವರ್ಷ ಕಳೆದ ನನ್ನಂಥವನಿಗೆ ಇತರರಿಗಿಂತ ತುಸು ಹೆಚ್ಚೇ ತಿಳಿಯಿತು. ಕಂಪ್ಯೂಟರಿನಲ್ಲಿ ಕಷ್ಟವಾದದ್ದು ಕಲಿಯುವುದಲ್ಲ, ಮರೆಯುವುದು. ಕನ್ನಡ ಬರೆಯುವ ‘ನುಡಿ’ ತಂತ್ರಾಂಶದಲ್ಲಿರುವುದು ಕೆ.ಪಿ. ರಾವ್ ಅವರ ಉಚ್ಚಾರಣೆ ಆಧಾರಿತ ವಿನ್ಯಾಸ. ಅದರಲ್ಲಿ ಕ್ಯೂ ಒತ್ತಿದರೆ ಟ, ಡಬ್ಲ್ಯೂ ಒತ್ತಿದರೆ ಡ, ಒತ್ತಕ್ಷರ ಬೇಕಾದರೆ ನಡುವೆ ಎಫ್. ತಲೆಕಟ್ಟನ್ನು ಹುಡುಕುತ್ತಿದ್ದ ನನ್ನ ಬೆರಳಿಗೆ ತಲೆಕಟ್ಟು ತಾನಾಗಿಯೇ ಬರುತ್ತದೆ ಎಂದು ನಂಬಿಸಲು ನಾಲ್ಕು ತಿಂಗಳು ಬೇಕಾಯಿತು. ನಂಬಿದ ಮೇಲೆ ಇಷ್ಟು ಸುಖದ ಕೀಲಿಮಣೆ ಬೇರೆ ಇಲ್ಲ ಎನಿಸಿತು, ಈಗಲೂ ಹಾಗೆಯೇ ಎನಿಸುತ್ತದೆ.

ಇನ್ನು ತಪ್ಪಿನ ವಿಷಯ. ಪ್ರೆಸ್ಸಿನಲ್ಲಿ ತಪ್ಪಿಗೆ ಹಲವು ಒಡೆಯರಿದ್ದರು. ನಾನು ಜೋಡಿಸಿದ್ದನ್ನು ಗ್ಯಾಲಿ ಪ್ರೂಫ್ ತೆಗೆದು ಪ್ರೂಫ್ ರೀಡರ್ ನೋಡುತ್ತಿದ್ದರು, ಲೇಖಕರು ನೋಡುತ್ತಿದ್ದರು, ಪುಟ ಕಟ್ಟಿದ ಮೇಲೆ ಫೋರ್‌ಮನ್ನರು ನೋಡುತ್ತಿದ್ದರು, ಮಷೀನಿಗೆ ಏರಿಸಿದ ಮೇಲೆ ಮಷೀನ್‌ಮನ್ ಮೊದಲ ಹಾಳೆಯನ್ನು ಬೆಳಕಿಗೆ ಹಿಡಿಯುತ್ತಿದ್ದ. ಇಷ್ಟೆಲ್ಲ ಕಣ್ಣು ತಪ್ಪಿಸಿಯೂ ಒಮ್ಮೆ ಎಣ್ಣೆ ವ್ಯಾಪಾರಿಯೊಬ್ಬರ ಪಾವತಿ ಪುಸ್ತಕದ ನೆತ್ತಿಯ ಮೇಲೆ ‘ಶ್ರೀ ದನಲಕ್ಷ್ಮೀ ಪ್ರಸನ್ನ’ ಎಂದು ಐನೂರು ಹಾಳೆ ಅಚ್ಚಾಗಿ ಹೋಯಿತು. ನಾನು ಹಾಕಿದ್ದು ಧ ಮೊಳೆಯನ್ನೇ. ಬಹಳ ಬಳಸಿದ ಆ ಮೊಳೆಯ ಕೆಳಗಿನ ಸಣ್ಣ ಗೀಟು ಸವೆದು, ಪ್ರೂಫಿನಲ್ಲಿ ಮಸುಕಾಗಿ ಕಂಡದ್ದು ಟ್ರೆಡಲ್ ಮುದ್ರಣ ಯಂತ್ರದಲ್ಲಿ ಪೂರ್ತಿ ಮಾಯವಾಗಿತ್ತು. ಮಾಲೀಕರು ಕೂಗಾಡಿದರು, ಆದರೆ ಕೂಗಾಟ ಎಲ್ಲರ ಮೇಲೂ ಸಮನಾಗಿ ಹಂಚಿಹೋಯಿತು, ನನ್ನೊಬ್ಬನ ಪಗಾರಕ್ಕೆ ಕತ್ತರಿ ಬೀಳಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು, ತಿದ್ದುಪಡಿಗೆ ಅಲ್ಲಿ ಬೆಲೆಯಿತ್ತು. ಪುಟ ಕಟ್ಟಿದ ಮೇಲೆ ಒಂದು ಪದ ಸೇರಿಸಬೇಕಾದರೆ ಆ ಸಾಲಿನ ಕೊನೆಯ ಪದವನ್ನು ಚಿಮಟದಿಂದ ಎತ್ತಿ ಮುಂದಿನ ಸಾಲಿಗೆ, ಅಲ್ಲಿಂದ ಅದರ ಮುಂದಿನ ಸಾಲಿಗೆ, ಹೀಗೆ ಪ್ಯಾರಾ ಮುಗಿಯುವವರೆಗೂ ದಾಟಿಸುತ್ತ ಹೋಗಬೇಕು. ಹಾಗಾಗಿ ನಮ್ಮ ತಪ್ಪಾದರೆ ನಾವು ತಿದ್ದುತ್ತಿದ್ದೆವು, ಲೇಖಕರು ಮನಸ್ಸು ಬದಲಿಸಿದ್ದಾದರೆ ಬಿಲ್ಲಿನಲ್ಲಿ ಅದು ಬೇರೆಯಾಗಿ ಸೇರುತ್ತಿತ್ತು. ಒಂದು ವಿಶೇಷಣ ಸೇರಿಸಬೇಕೋ ಬೇಡವೋ ಎಂದು ಪ್ರೆಸ್ಸಿನ ಕಟ್ಟೆಯ ಮೇಲೆ ಕುಳಿತು ಎರಡು ಚಹಾ ಮುಗಿಸಿ, ಕೊನೆಗೆ “ಇರಲಿ ಬಿಡ್ರಿ, ಇದ್ದದ್ದs ಛಲೋ ಐತಿ” ಎಂದು ಎದ್ದುಹೋದ ಮೇಷ್ಟರೊಬ್ಬರನ್ನು ನಾನೇ ನೋಡಿದ್ದೇನೆ.

ಟೈಪ್‌ರೈಟರಿನಲ್ಲಿ ತಪ್ಪಿನ ಒಡೆಯ ನಾನೊಬ್ಬನೇ. ಕೋರ್ಟಿನ ಅಫಿಡವಿಟ್, ಖರೀದಿ ಪತ್ರ, ವಾಟ್ನಿ (ಆಸ್ತಿ ಪಾಲಿನ) ಪತ್ರಗಳಲ್ಲಿ ಕಾಟು ಹೊಡೆದರೆ ಪಕ್ಷಕಾರರೆಲ್ಲ ಅಲ್ಲಲ್ಲಿ ಸಹಿ ಹಾಕಬೇಕು, ವಕೀಲರ ಮುಖ ಕೆಡುತ್ತದೆ. ಕಾರ್ಬನ್ ಇಟ್ಟು ನಾಲ್ಕು ಪ್ರತಿ ಹೊಡೆಯುವಾಗ ಒಂದು ಅಕ್ಷರ ತಪ್ಪಿದರೆ ನಾಲ್ಕರಲ್ಲೂ ತಿದ್ದಬೇಕು. ಶಾಲೆಯ ಪ್ರಶ್ನೆಪತ್ರಿಕೆಗೆ ಸ್ಟೆನ್ಸಿಲ್ ಕೊರೆಯುವಾಗಲಾದರೂ ಕೆಂಪು ದ್ರಾವಣ ಹಚ್ಚಿ, ಉಫ್ ಎಂದು ಊದಿ ಒಣಗಿಸಿ, ಮೇಲೆ ಮತ್ತೆ ಹೊಡೆಯಬಹುದಿತ್ತು, ಛಾಪಾ ಕಾಗದಕ್ಕೆ ಆ ಸೌಕರ್ಯವೂ ಇರಲಿಲ್ಲ. 1996ರ ಬೇಸಿಗೆಯಲ್ಲಿ ಒಂದು ಖರೀದಿ ಪತ್ರದಲ್ಲಿ ಸರ್ವೆ ನಂಬರ್ ಸರಿಯಾಗಿ ಹೊಡೆದು ಅದರೊಳಗಿನ ಪಾಲನ್ನು ತೋರಿಸುವ ಹಿಸ್ಸಾ ನಂಬರ್ ತಪ್ಪು ಹೊಡೆದೆ. ಪಕ್ಷಕಾರರು ಹಳ್ಳಿಯಿಂದ ಬಂದ ಅಣ್ಣ ತಮ್ಮಂದಿರು, ಸಬ್ ರಿಜಿಸ್ಟ್ರಾರ್ ಕಚೇರಿ ಮುಚ್ಚಲು ಒಂದು ಗಂಟೆ ಉಳಿದಿತ್ತು. ಹೊಸ ಛಾಪಾ ಕಾಗದವನ್ನು ನನ್ನ ಕಿಸೆಯಿಂದ ತರಿಸಿ ಮತ್ತೆ ಹೊಡೆದುಕೊಟ್ಟೆ, ಆ ವಾರದ ಗಳಿಕೆ ಅಲ್ಲಿಗೆ ಮುಗಿಯಿತು.

ಆದರೂ ನನ್ನ ಮೂರೂ ದುಡಿಮೆಗಳಲ್ಲಿ ಸಂಜೆ ಐದೂವರೆಗೆ ನಿಜವಾಗಿ ಮುಗಿಯುತ್ತಿದ್ದದ್ದು ಇದೊಂದೇ. ತಿದ್ದಲು ಬಾರದ ಕೆಲಸವೆಂದು ಎದುರಿಗೆ ಕುಳಿತವರಿಗೂ ಗೊತ್ತಿದ್ದರಿಂದ, ಅವರು ಹೇಳುವ ಮೊದಲೇ ತಮ್ಮೊಳಗೆ ವಿಚಾರ ಮಾಡಿಕೊಂಡು ಬರುತ್ತಿದ್ದರು. ನಾನು ಹೊಡೆಯುವ ಮೊದಲು ಚಕಬಂದಿಯನ್ನು, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿಯನ್ನು, ಗಟ್ಟಿಯಾಗಿ ಓದುತ್ತಿದ್ದೆ, “ಮೂಡಲಕ್ಕ ಹಳ್ಳ, ಪಡುವಲಕ್ಕ ಬಂಡಿ ದಾರಿ, ಬರೋಬ್ಬರಿ ಐತಿ ಏನ್ರೀ ಯಜಮಾನ್ರ?” ಅವರು ತಲೆಯಾಡಿಸಿದ ಮೇಲೆಯೇ ಕಾಗದ ರೋಲರಿಗೆ ಏರುತ್ತಿತ್ತು. ಪುಟಕ್ಕೆ ಇಷ್ಟು ಎಂದು ರೊಕ್ಕ ಅಲ್ಲೇ ಕೈಗೆ ಬರುತ್ತಿತ್ತು. ಉದ್ರಿ ಎಂಬುದು ವಕೀಲರ ಗುಮಾಸ್ತರಿಗೆ ಮಾತ್ರ, ಅದೂ ಶನಿವಾರದವರೆಗೆ. ಸೆಕೆಂಡ್ ಹ್ಯಾಂಡ್ ಯಂತ್ರವೊಂದನ್ನು ಮೂರು ಸಾವಿರಕ್ಕೆ ಕೊಂಡಿದ್ದೆ, ರಿಬ್ಬನ್ನು, ಎಣ್ಣೆ ಮತ್ತು ವರ್ಷಕ್ಕೊಮ್ಮೆ ಮೆಕ್ಯಾನಿಕ್ಕಿನ ಕೂಲಿ ಬಿಟ್ಟರೆ ಅದು ಒಂಬತ್ತು ವರ್ಷವೂ ನನ್ನಿಂದ ಏನನ್ನೂ ಕೇಳಲಿಲ್ಲ.

ಹಾಗೆ ನೋಡಿದರೆ 2001ರಲ್ಲಿ ಸಾಲ ಮಾಡಿ ತಂದ ಕಂಪ್ಯೂಟರ್ ಮತ್ತು ಲೇಸರ್ ಪ್ರಿಂಟರ್ ಕೇಳಿದ್ದು ಬಹಳ. ಇಪ್ಪತ್ತೆರಡು ವರ್ಷಗಳಲ್ಲಿ ನಾಲ್ಕು ಕಂಪ್ಯೂಟರ್ ಬದಲಿಸಿದೆ. ಆದಾಯವೂ ಅದರಲ್ಲೇ ಹೆಚ್ಚು ಎಂಬುದನ್ನು ಒಪ್ಪಬೇಕು. ಮನೆ ಕಟ್ಟಿದ್ದು, ಮಗಳನ್ನು ಬಿ.ಕಾಂ. ಓದಿಸಿದ್ದು ಮೊಳೆಯಿಂದಲ್ಲ, ಟೈಪಿನಿಂದಲೂ ಅಲ್ಲ. ಪೇಜ್‌ಮೇಕರಿನಲ್ಲಿ ಪುಟ ಕಟ್ಟಿ, ಟ್ರೇಸಿಂಗ್ ಹಾಳೆಯ ಮೇಲೆ ಪ್ರಿಂಟ್ ತೆಗೆದು ಆಫ್‌ಸೆಟ್‌ನವರಿಗೆ ಪ್ಲೇಟಿಗೆ ಕೊಟ್ಟರೆ ನನ್ನ ಕೆಲಸ ಮುಗಿಯಿತು ಎಂದು ಆರಂಭದಲ್ಲಿ ಭಾವಿಸಿದ್ದೆ. ಆದರೆ ಇಲ್ಲಿ ತಪ್ಪನ್ನು ತಿದ್ದುವುದು ಎಷ್ಟು ಸುಲಭವೆಂದರೆ, ಅದು ಕೆಲಸವೇ ಅಲ್ಲವೆಂದು ಗಿರಾಕಿಗಳು ತೀರ್ಮಾನಿಸಿಬಿಟ್ಟಿದ್ದರು.

ಲಗ್ನಪತ್ರಿಕೆಯ ಉದಾಹರಣೆ ಸಾಕು. ಮನೆಯ ಹಿರಿಯರು ನಾಲ್ಕು ಮಂದಿ ಬಂದು ನನ್ನ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಕುಳಿತುಕೊಳ್ಳುತ್ತಾರೆ. ಸುಖಾಗಮನ ಬಯಸುವವರ ಪಟ್ಟಿ ಪರದೆಯ ಮೇಲಿದೆ. “ಅಣ್ಣಾರ, ದೊಡ್ಡ ಕಾಕಾನ ಹೆಸರು ಮ್ಯಾಲ ತಗೋರಿ.” ತೆಗೆದುಕೊಳ್ಳುತ್ತೇನೆ. “ಹಂಗಾದ್ರ ಸೋದರಮಾವ ಕೆಳಗ ಆದ್ನಲ್ರೀ.” ಅವನನ್ನು ಬಲಗಡೆಯ ಕಾಲಮ್ಮಿಗೆ ತರುತ್ತೇನೆ. ಮನೆಗೆ ಹೋದ ಮೇಲೆ ಫೋನು ಬರುತ್ತದೆ, ಬೆಳಗಾವಿಯ ಅತ್ತೆಯ ಹೆಸರಿನ ಮುಂದೆ ಶ್ರೀಮತಿ ಬಿಟ್ಟಿದೆ. ವಾಟ್ಸಾಪ್ ಬಂದ ಮೇಲಂತೂ ಪ್ರೂಫು ರಾತ್ರಿ ಹನ್ನೊಂದಕ್ಕೆ ಹೋಗಿ ಹನ್ನೊಂದೂವರೆಗೆ ಮರಳಿ ಬರತೊಡಗಿತು. ಒಂದು ಕಾರ್ಡಿಗೆ ಒಂಬತ್ತು ಪ್ರೂಫ್ ಕೊಟ್ಟ ದಾಖಲೆ ನನ್ನಲ್ಲಿದೆ, ಕೂಲಿ ಸಿಕ್ಕಿದ್ದು ಮೊದಲನೆಯದಕ್ಕೆ. ಪ್ರೆಸ್ಸಿನಲ್ಲಿ ಹನ್ನೊಂದು ವರ್ಷದಲ್ಲಿ ಕಾಣದ ಇನ್ನೊಂದು ಸಂಗತಿಯೂ ಇದೆ: ಇಷ್ಟು ಸಲ ನೋಡಿದ ಮೇಲೂ ಮದುವೆಯ ತಾರೀಕಿನ ಕೆಳಗೆ ವಾರ ತಪ್ಪಿ ಅಚ್ಚಾದದ್ದುಂಟು. ಎಲ್ಲರೂ ತಂತಮ್ಮ ಹೆಸರನ್ನು ನೋಡುತ್ತಾರೆ, ಪತ್ರಿಕೆಯನ್ನು ಓದುವವರು ಯಾರೂ ಇರುವುದಿಲ್ಲ. ಆಗ ಮರುಮುದ್ರಣದ ಖರ್ಚು ಯಾರದ್ದು ಎಂಬ ಪ್ರಶ್ನೆಗೆ ಸ್ಟೂಲಿನ ಮೇಲಿದ್ದ ನಾಲ್ವರೂ ನನ್ನ ಕಡೆಗೇ ನೋಡುತ್ತಿದ್ದರು.

ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತವಾದ ಯೂನಿಕೋಡ್ ಬಂದ ಮೇಲೆ ಕೂಲಿಯಿಲ್ಲದ ತಿದ್ದುಪಡಿಗೆ ಹೊಸದೊಂದು ಸೇರಿಕೊಂಡಿತು. ಹಳೆಯ ನುಡಿ ಅಕ್ಷರದಲ್ಲಿ ಮಾಡಿದ ಕಡತವನ್ನು ಪರಿವರ್ತಿಸಿದಾಗ ‘ರ‍್ಯಾಂಕ್’ ಎಂಬುದು ಅರ್ಕಾವತ್ತು ಹೊತ್ತ ‘ರ್ಯಾಂಕ್’ ಆಗಿ ಬರುತ್ತದೆ. ಅಂಥವನ್ನು ಒಂದೊಂದಾಗಿ ಹುಡುಕಿ ಸರಿಪಡಿಸಬೇಕು, ಮತ್ತು ಅದನ್ನು ಗಿರಾಕಿಗೆ ವಿವರಿಸುವುದು ಸರಿಪಡಿಸುವುದಕ್ಕಿಂತ ಕಷ್ಟ.

ದೇಹದ ಲೆಕ್ಕವನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ರೆಸ್ಸಿನಲ್ಲಿ ದಿನಕ್ಕೆ ಎಂಟು ತಾಸು ನಿಂತದ್ದರ ಗುರುತು ನನ್ನ ಮೀನಖಂಡದ ನರಗಳಲ್ಲಿ ಉಳಿದಿದೆ. ಮೊಳೆ ಎಂದರೆ ಸೀಸ, ತವರ, ಆಂಟಿಮನಿ ಕೂಡಿದ ಲೋಹ. ಸೀಸ ಮೈಗೆ ಹತ್ತಬಾರದೆಂದು ನಮಗೆ ಸಂಜೆ ಬೆಲ್ಲದ ತುಣುಕು ಕೊಡುತ್ತಿದ್ದರು. ಬೆಲ್ಲಕ್ಕೆ ಅಂಥ ಗುಣವೇನೂ ಇಲ್ಲವೆಂದು, ಕೈ ತೊಳೆಯದೆ ಊಟಕ್ಕೆ ಕೂಡದಿರುವುದೇ ನಿಜವಾದ ಔಷಧವೆಂದು ಆಮೇಲೆ ತಿಳಿಯಿತು. ಟೈಪಿಂಗಿನಿಂದ ಕಿರುಬೆರಳು ಸೊಟ್ಟಗಾಯಿತು. ಡಿಟಿಪಿಯಿಂದ ಕನ್ನಡಕ, ಕುತ್ತಿಗೆಯ ಪಟ್ಟಿ ಮತ್ತು ಕೂತಲ್ಲೇ ಕೂತದ್ದರ ಫಲವೆಂದು ಡಾಕ್ಟರು ಹೇಳಿದ ಸಕ್ಕರೆ ಕಾಯಿಲೆ. ಈ ವಿಷಯದಲ್ಲಿ ಯಾವುದಕ್ಕೂ ಬಹುಮಾನ ಕೊಡಲಾರೆ.

ಕಸುಬಿನ ಸುಖಕ್ಕಾದರೆ ನನ್ನ ಮತ ಮೊಳೆಗೆ. ಗ್ಯಾಲಿಯಲ್ಲಿ ಕಟ್ಟಿದ ಪುಟಕ್ಕೆ ದಾರ ಸುತ್ತಿ, ಅಂಗೈಯಿಂದ ಅದರ ಮೈ ಸವರಿದಾಗ ಒಂದು ಮೊಳೆ ಮೇಲೆದ್ದಿದ್ದರೂ ಚರ್ಮಕ್ಕೆ ತಾಕುತ್ತಿತ್ತು, ಆ ಖಾತರಿ ಪರದೆಯ ಮೇಲೆ ಎಂದೂ ಸಿಗಲಿಲ್ಲ. ಆದರೆ 1981ರಲ್ಲಿ ತಿಂಗಳಿಗೆ ನೂರೈವತ್ತು ರೂಪಾಯಿ ಇದ್ದ ಪಗಾರ ಹನ್ನೊಂದು ವರ್ಷದಲ್ಲಿ ಒಂಬತ್ತುನೂರಕ್ಕೂ ಮುಟ್ಟಲಿಲ್ಲ. ಹಬ್ಬಕ್ಕೆ ಒಂದು ಪಂಚೆ ಸಿಗುತ್ತಿತ್ತು, ಭವಿಷ್ಯ ನಿಧಿಯ ಮಾತು ಬಂದಾಗ ಮಾಲೀಕರು ಪಂಚಾಂಗದ ಸೀಸನ್ ಮುಗಿಯಲಿ ಎನ್ನುತ್ತಿದ್ದರು. ಸಂಸಾರಸ್ಥನಿಗೆ ಅದು ಒದಗುವ ಕೆಲಸವಲ್ಲ. ಮರ್ಯಾದೆಯೊಂದಿಗೆ ಹೊತ್ತಿಗೆ ಸರಿಯಾಗಿ ಮನೆ ಸೇರುವ ಬದುಕಿಗೆ ಟೈಪ್‌ರೈಟರ್, ರೊಕ್ಕಕ್ಕೆ ಡಿಟಿಪಿ. ಮತ್ತೆ ಇಪ್ಪತ್ತರ ಹರೆಯ ಕೊಟ್ಟು ಆರಿಸಿಕೋ ಎಂದರೆ ನಾನು ಕೋರ್ಟಿನ ಚಪ್ಪರವನ್ನೇ ಆರಿಸಿಕೊಳ್ಳುತ್ತೇನೆ. 1997ರಲ್ಲಿ ಗದಗ ಜಿಲ್ಲೆಯಾದ ಮೇಲೆ ಕಚೇರಿಗಳು ಹೆಚ್ಚಿ ನನ್ನ ಕೆಲಸವೂ ಹೆಚ್ಚಿತ್ತು. ಇನ್ನೂ ಐದಾರು ವರ್ಷ ಅಲ್ಲೇ ಇರಬಹುದಿತ್ತು, ಪಕ್ಕದವನು ಕಂಪ್ಯೂಟರ್ ತಂದನೆಂದು ಅವಸರ ಮಾಡಿದೆ.

2023ರಲ್ಲಿ ಅಂಗಡಿಯನ್ನು ಮಗಳಿಗೆ ಒಪ್ಪಿಸಿದೆ. ಅವಳು ಮಾಡಿದ ಮೊದಲ ಕೆಲಸವೆಂದರೆ ಪ್ರಿಂಟರಿನ ಮೇಲಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದು: ‘ಎರಡು ಪ್ರೂಫ್ ಉಚಿತ, ಮೂರನೆಯದರಿಂದ ತಲಾ 50 ರೂಪಾಯಿ.’ ಗಿರಾಕಿ ಓಡಿಹೋಗುತ್ತಾರವ್ವಾ ಎಂದು ನಾನು ಬೇಡವೆಂದೆ. “ಅಪ್ಪಾ, ನಿಮ್ಮ ಪ್ರೆಸ್ಸಿನ್ಯಾಗ ಬಿಲ್ ಹಚ್ತಿದ್ರಂತ ನೀವs ಹೇಳ್ತಿದ್ರಲ್ಲ” ಎಂದಳು. ಯಾರೂ ಓಡಿಹೋಗಲಿಲ್ಲ. ಕಳೆದ ಮದುವೆಯ ಸೀಸನ್ನಿನಲ್ಲಿ ಬಂದವರಲ್ಲಿ ಹೆಚ್ಚಿನವರು ಕಾಕಾ, ಸೋದರಮಾವ, ಬೆಳಗಾವಿಯ ಅತ್ತೆ ಎಲ್ಲರನ್ನೂ ಮನೆಯಲ್ಲೇ ಕೂಡಿಸಿ ತೀರ್ಮಾನ ಮಾಡಿಕೊಂಡು, ಹೆಸರುಗಳನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ನಂಬರ್ ಹಾಕಿ ಬರೆದು ತಂದಿದ್ದರು.