ಮೂರನೇ ತರಗತಿಯ ಮನೆಶಾಲೆಗೆ ಏನು ಕೊಳ್ಳಬೇಕು, ಏನು ಬೇಡ

ಮಗುವಿಗೆ ಮನೆಯಲ್ಲೇ ಕಲಿಸುವವರ ವರ್ಷದ ಮೊದಲ ಖರ್ಚು ಹೆಚ್ಚಾಗಿ ತಪ್ಪು ಜಾಗಕ್ಕೆ ಹೋಗುತ್ತದೆ. ಪುಸ್ತಕ, ವರ್ಕ್‌ಶೀಟ್, ಬಣ್ಣದ ಚಾರ್ಟು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬರುವ ಸೆಟ್ಟಿಗೆ ಸಾವಿರಗಟ್ಟಲೆ ಸುರಿದ ಮೇಲೆ, ಕೈಯಲ್ಲಿ ಹಿಡಿದು ಎಣಿಸುವ ಸಾಮಾನಿಗೂ ಕನ್ನಡದ ಕಥೆಪುಸ್ತಕಕ್ಕೂ ದುಡ್ಡು ಉಳಿಯುವುದಿಲ್ಲ. ಪಠ್ಯಪುಸ್ತಕಕ್ಕೆ ಆದಷ್ಟು ಕಡಿಮೆ ಇಟ್ಟು, ಉಳಿದದ್ದನ್ನು ಈ ಎರಡಕ್ಕೆ ಕೊಡುವುದೇ ಸರಿ. ಎಂಟು–ಒಂಬತ್ತು ವರ್ಷದ ಮಗು, ಅಂದರೆ ಮೂರನೇ ತರಗತಿಯ ವಯಸ್ಸು, ಮನೆಮಾತು ಕನ್ನಡ ಎಂದು ಇಟ್ಟುಕೊಂಡು ಒಂದೊಂದನ್ನೇ ನೋಡೋಣ.

ಬೆನ್ನೆಲುಬಾಗಿ ಕೇಂದ್ರದ ಪಠ್ಯಪುಸ್ತಕ ತರುವ ಸಂಸ್ಥೆ ಎನ್‌ಸಿಇಆರ್‌ಟಿಯ ಪುಸ್ತಕಗಳೇ ಸಾಕು. 2024ರಲ್ಲಿ ಮೂರನೇ ತರಗತಿಗೆ ಹೊಸ ಪುಸ್ತಕಗಳು ಬಂದವು: ಗಣಿತಕ್ಕೆ ‘ಮ್ಯಾಥ್ಸ್ ಮೇಳ’, ಇಂಗ್ಲಿಷಿಗೆ ‘ಸಂತೂರ್’, ಪರಿಸರಕ್ಕೆ ‘ಅವರ್ ವಂಡ್ರಸ್ ವರ್ಲ್ಡ್’. ಹಿಂದಿಗೆ ‘ವೀಣಾ’, ಕಲೆಗೆ ‘ಬಾಂಸುರಿ’, ಆಟಕ್ಕೆ ‘ಖೇಲ್ ಯೋಗ’ ಕೂಡ ಇವೆ. ಅಚ್ಚಿನ ಪ್ರತಿಗೆ 65 ರೂಪಾಯಿ. ಮೊದಲಿನ ಮೂರನ್ನು ಕೊಂಡರೆ 195 ರೂಪಾಯಿಗೆ ಕೆಲಸ ಮುಗಿಯಿತು. ಉಳಿದ ಮೂರನ್ನು ಸಂಸ್ಥೆಯ ಜಾಲತಾಣದಲ್ಲಿ ಪಿಡಿಎಫ್ ಆಗಿ ಉಚಿತವಾಗಿ ಇಳಿಸಿಕೊಂಡು, ಬೇಕಾದ ಪುಟ ಮಾತ್ರ ನೋಡಿದರಾಯಿತು. ಮೂರು ಮುಖ್ಯ ಪುಸ್ತಕಗಳನ್ನು ಮಾತ್ರ ಝೆರಾಕ್ಸ್ ಮಾಡಿಸಬೇಡಿ. ಬಣ್ಣದ ಚಿತ್ರ ನೋಡಿ ಎಣಿಸುವ, ವಿಂಗಡಿಸುವ ಚಟುವಟಿಕೆಗಳೇ ಹೆಚ್ಚು. ಕಪ್ಪುಬಿಳುಪಿನಲ್ಲಿ ಅವು ಸತ್ತುಹೋಗುತ್ತವೆ. ಬಣ್ಣದ ಪ್ರಿಂಟಿಗೆ ಹೊಸ ಪುಸ್ತಕಕ್ಕಿಂತ ಹೆಚ್ಚೇ ಬೀಳುತ್ತದೆ.

ಬೆಂಗಳೂರಿನವರಿಗೆ ಒಂದು ಅನುಕೂಲವಿದೆ. ದಕ್ಷಿಣ ರಾಜ್ಯಗಳ ಎನ್‌ಸಿಇಆರ್‌ಟಿ ವಿತರಣಾ ಕೇಂದ್ರ ಬನಶಂಕರಿ 3ನೇ ಹಂತದ ಹೊಸಕೆರೆಹಳ್ಳಿಯಲ್ಲೇ ಇದೆ. ಅಂಗಡಿಯಲ್ಲಿ ಕೊಳ್ಳುವವರು ಒಂದು ಪುಟವನ್ನು ಬೆಳಕಿಗೆ ಹಿಡಿದು ನೋಡಬೇಕು. ಅಸಲಿ ಪ್ರತಿಯ ಕಾಗದದ ಒಳಗೆ ಎನ್‌ಸಿಇಆರ್‌ಟಿ ನೀರುಗುರುತು ಇರುತ್ತದೆ, ನಕಲಿಯಲ್ಲಿ ಇರುವುದಿಲ್ಲ. ನಕಲಿಯ ಕಾಗದ ತೆಳು, ಹಿಂದಿನ ಪುಟದ ಶಾಯಿ ಮುಂದೆ ಕಾಣುತ್ತದೆ, ಪೆನ್ಸಿಲ್ಲಿನಲ್ಲಿ ಎರಡು ಸಲ ಬರೆದು ಅಳಿಸಿದರೆ ಹರಿಯುತ್ತದೆ.

ಮೂರರಲ್ಲಿ ಗಟ್ಟಿ ಪುಸ್ತಕ ‘ಮ್ಯಾಥ್ಸ್ ಮೇಳ’. 14 ಪಾಠಗಳಿವೆ. ಹೆಸರುಗಳನ್ನು ಎಣಿಸಿ ವಿಂಗಡಿಸುವುದರಿಂದ ಶುರುವಾಗಿ, ಆಕಾರ, ನೂರರ ಮನೆ, ಗುಣಾಕಾರ, ಸಮಪಾಲು, ಉದ್ದ, ತೂಕ, ಕೂಡುವುದು–ಕಳೆಯುವುದು, ಗಡಿಯಾರ ದಾಟಿ ಕೊನೆಗೆ ಸೂರಜ್‌ಕುಂಡ್ ಜಾತ್ರೆಗೆ ಬರುತ್ತದೆ. ಲೆಕ್ಕದ ಅರ್ಥ ಮೊದಲು, ವಿಧಾನ ಆಮೇಲೆ ಎಂಬ ಕ್ರಮ ಚೆನ್ನಾಗಿದೆ. ಕೊರತೆ ಅಭ್ಯಾಸದಲ್ಲಿ. ಒಂದು ಪಾಠದಲ್ಲಿರುವ ಲೆಕ್ಕಗಳು ಕೈ ಕುದುರಲು ಸಾಲವು. ಅದಕ್ಕೆಂದು ದಪ್ಪ ವರ್ಕ್‌ಬುಕ್ ಕೊಳ್ಳಬೇಕಿಲ್ಲ, ದಿನಕ್ಕೆ ಆರು ಲೆಕ್ಕ ನೀವೇ ಬರೆದುಕೊಟ್ಟರೆ ಸಾಕು. ಯಾವ ಆರು ಎಂಬುದು ಮುಖ್ಯ. ಕಳೆಯುವ ಲೆಕ್ಕದಲ್ಲಿ ಎರಡು ಸುಲಭದವು, ಎರಡು ಎರವಲು ಪಡೆಯುವಂಥವು, ಒಂದು ನಡುವೆ ಸೊನ್ನೆ ಇರುವಂಥದ್ದು, ಒಂದು ಮಾತಿನ ಲೆಕ್ಕ. ಮಕ್ಕಳು ಬೀಳುವುದು ಆ ಸೊನ್ನೆಯಲ್ಲಿ. 503ರಲ್ಲಿ 178 ಕಳೆ ಎಂದರೆ, ಹತ್ತರ ಸ್ಥಾನದಲ್ಲಿ ಏನೂ ಇಲ್ಲದ ಕಾರಣ ನೇರ ನೂರರಿಂದ ಬಿಡಿಗೆ ಹಾರಿ 13 ಮಾಡಿಕೊಳ್ಳುತ್ತವೆ. ಹತ್ತರ ಮನೆಯಲ್ಲಿ 9 ಉಳಿಯಬೇಕೆಂಬುದು ತಪ್ಪಿಹೋಗುತ್ತದೆ.

ಇದನ್ನು ತಿದ್ದುವುದು ಹೆಚ್ಚು ಲೆಕ್ಕ ಬರೆಸುವುದರಿಂದಲ್ಲ, ಬ್ಲಾಕುಗಳಿಂದ: ಒಂದಕ್ಕೆ ಚಿಕ್ಕ ಘನದ ‘ಬಿಡಿ’, ಹತ್ತು ಬಿಡಿಯಷ್ಟು ಉದ್ದದ ‘ಕಡ್ಡಿ’, ಹತ್ತು ಕಡ್ಡಿ ಸೇರಿದಷ್ಟು ಅಗಲದ ‘ಹಲಗೆ’. ನೂರರ ಒಂದು ಹಲಗೆ ಕೊಟ್ಟು ಹತ್ತು ಕಡ್ಡಿ ತೆಗೆದುಕೊ, ಅದರಲ್ಲಿ ಒಂದು ಕಡ್ಡಿ ಕೊಟ್ಟು ಹತ್ತು ಬಿಡಿ ತೆಗೆದುಕೊ ಎಂದು ಕೈಯಲ್ಲಿ ಮಾಡಿಸಿದಾಗ, ಒಂಬತ್ತು ಕಡ್ಡಿ ಕಣ್ಣೆದುರೇ ಉಳಿದಿರುತ್ತವೆ. ಮೊದಲ ಮೂರು ದಿನ ಪೆನ್ಸಿಲ್ ಬೇಡ. ಆಮೇಲೆ ಮೂರು ದಿನ ಒಂದೊಂದು ವಿನಿಮಯ ಆದ ಕೂಡಲೇ ಅದನ್ನು ಬರೆಯುವುದು. ಬ್ಲಾಕು ಬಿಡುವುದು ಅದರ ನಂತರ.

ಹಾಗಾಗಿ ವರ್ಷದ ಅತಿ ಮುಖ್ಯ ಖರೀದಿ ಈ ಸ್ಥಾನಬೆಲೆಯ ಬ್ಲಾಕುಗಳು. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು 121 ತುಂಡಿನ ಸೆಟ್: ಸಾವಿರದ ಒಂದು ಘನ, ನೂರರ 10 ಹಲಗೆ, ಹತ್ತರ 10 ಕಡ್ಡಿ, 100 ಬಿಡಿ. ನೋಡಲು ತುಂಬಿದಂತಿದ್ದರೂ ಕೂಡುವ ಲೆಕ್ಕಕ್ಕೇ ಸಾಲುವುದಿಲ್ಲ. 78ಕ್ಕೆ 56 ಕೂಡಿಸಲು ಏಳು ಮತ್ತು ಐದು, ಒಟ್ಟು 12 ಕಡ್ಡಿ ಬೇಕು, ಸೆಟ್ಟಿನಲ್ಲಿರುವುದು ಹತ್ತೇ. ಮಗು ಎರಡನೇ ಸಂಖ್ಯೆ ಜೋಡಿಸುವಾಗ ಕಡ್ಡಿ ಮುಗಿದು, ಬಿಡಿಗಳನ್ನು ಸಾಲಾಗಿಟ್ಟು ಹೊಂದಿಸುತ್ತದೆ. ಅಲ್ಲಿಗೆ ಸ್ಥಾನಬೆಲೆಯ ಪಾಠ ಕೆಟ್ಟಿತು. ಬೇಕಾದ್ದು 10 ಹಲಗೆ, 20 ಕಡ್ಡಿ, 20 ಬಿಡಿ. ಎರಡನೇ ಸೆಟ್ ಕೊಳ್ಳಬೇಡಿ. 1 ಸೆಂಟಿಮೀಟರ್ ಚೌಕದ ಗ್ರಾಫ್ ಹಾಳೆಯನ್ನು ದಪ್ಪ ರಟ್ಟಿಗೆ ಅಂಟಿಸಿ, 10 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ಅಗಲದ ಹತ್ತು ಪಟ್ಟಿ ಕತ್ತರಿಸಿಕೊಂಡರೆ ಕಡ್ಡಿಯ ಅಳತೆಗೆ ಸರಿಹೋಗುತ್ತವೆ. ಕೊಳ್ಳುವಾಗ ಬಿಡಿ 1 ಸೆಂಟಿಮೀಟರೇ ಇದೆಯೇ ಎಂದು ಸ್ಕೇಲ್ ಇಟ್ಟು ನೋಡಿ. ಅದಕ್ಕಿಂತ ಚಿಕ್ಕದಾದರೆ ಗ್ರಾಫ್ ಹಾಳೆಗೆ ಹೊಂದುವುದಿಲ್ಲ, ಉದ್ದ ಅಳೆಯಲೂ ಬರುವುದಿಲ್ಲ.

ದೆಹಲಿಯ ಜೋಡೊ ಜ್ಞಾನ್ ಸಂಸ್ಥೆ ಮಾಡುವ ಗಣಿತಮಾಲೆ ಮತ್ತೊಂದು ಒಳ್ಳೆಯ ಸಾಮಾನು. ನೂರು ಮಣಿ, ಹತ್ತು ಹತ್ತಕ್ಕೆ ಬಣ್ಣ ಬದಲು, ಅಷ್ಟೇ. 38ರಿಂದ 52ಕ್ಕೆ ಎಷ್ಟು ಎಂದಾಗ ಎರಡು ಮಣಿ ಹಾರಿ 40, ಅಲ್ಲಿಂದ ಹತ್ತು, ಇನ್ನೆರಡು ಎಂದು ಬೆರಳು ತಾನೇ ನಡೆಯುತ್ತದೆ. ಮನೆಯಲ್ಲೂ ಪೋಣಿಸಬಹುದು: ಎರಡು ಬಣ್ಣದಲ್ಲಿ ಐವತ್ತೈವತ್ತು ಮಣಿ, ಗಟ್ಟಿ ನೈಲಾನ್ ದಾರ. ದಾರವನ್ನು ಬಿಗಿಯಾಗಿ ಕಟ್ಟಿದರೆ ಮಣಿಗಳ ನಡುವೆ ಗುರುತಿನ ಕ್ಲಿಪ್ ತೂರುವುದಿಲ್ಲ. ಮೂರು ಮಣಿಯಷ್ಟು ಸಡಿಲ ಬಿಡಿ.

ಗಡಿಯಾರದ ಪಾಠಕ್ಕೆ ಅಂಗಡಿಯ ಅಗ್ಗದ ಆಟಿಕೆ ಗಡಿಯಾರ ತರಬೇಡಿ. ಅದರ ಎರಡು ಮುಳ್ಳೂ ಬೇರೆ ಬೇರೆಯಾಗಿ ತಿರುಗುತ್ತವೆ. ಮಗು ದೊಡ್ಡ ಮುಳ್ಳನ್ನು 9ಕ್ಕೆ ಇಟ್ಟು, ಚಿಕ್ಕ ಮುಳ್ಳನ್ನು ನೆಟ್ಟಗೆ 3ರ ಮೇಲೆ ಇಟ್ಟು ಮೂರು ಮುಕ್ಕಾಲು ಎನ್ನುತ್ತದೆ. ನಿಜವಾದ ಗಡಿಯಾರದಲ್ಲಿ ಆಗ ಚಿಕ್ಕ ಮುಳ್ಳು ನಾಲ್ಕರ ಹತ್ತಿರ ಇರುವುದರಿಂದ ಅದನ್ನು ನಾಲ್ಕು ಮುಕ್ಕಾಲು ಎಂದು ಓದುತ್ತದೆ. ಹಿಂದೆ ಹಲ್ಲಿನ ಚಕ್ರವಿದ್ದು ಎರಡೂ ಮುಳ್ಳು ಒಟ್ಟಿಗೆ ನಡೆಯುವ ಗಡಿಯಾರವೇ ಬೇಕು. ಕೆಟ್ಟ ಗೋಡೆ ಗಡಿಯಾರವಿದ್ದರೆ ಹಿಂದಿನ ಗುಂಡಿ ತಿರುಗಿಸಿದರೂ ಅದೇ ಕೆಲಸ ಆಗುತ್ತದೆ, ಪುಕ್ಕಟೆ.

ಉದ್ದಕ್ಕೆ ದರ್ಜಿಯ ಟೇಪು ಸಾಕು. 150 ಸೆಂಟಿಮೀಟರ್ ಇರುತ್ತದೆ, ಆದರೆ ಇನ್ನೊಂದು ಬದಿ ಇಂಚು. ಆ ಬದಿಗೆ ಅಂಟುಪಟ್ಟಿ ಹಚ್ಚಿಬಿಡಿ. ಸ್ಕೇಲಿನಲ್ಲಿ ಸೊನ್ನೆ ತುದಿಯಲ್ಲಿ ಇರುವುದಿಲ್ಲ, ಸ್ವಲ್ಪ ಒಳಗಿರುತ್ತದೆ. ತುದಿಯಿಂದ ಅಳೆದರೆ ಎಲ್ಲ ಉತ್ತರವೂ ಅಷ್ಟೇ ತಪ್ಪುತ್ತದೆ. ತೂಕಕ್ಕೆ ಡಿಜಿಟಲ್ ಯಂತ್ರಕ್ಕಿಂತ ಎರಡು ತಟ್ಟೆಯ ತಕ್ಕಡಿ ಮೇಲು. 200 ಗ್ರಾಮಿನ ಬಟ್ಟು ಎರಡು, 100ರ ಒಂದು ಸೇರಿ 500 ಗ್ರಾಮಿನ ಪೊಟ್ಟಣಕ್ಕೆ ಸಮವಾಗುವುದನ್ನು ಕಣ್ಣು ನೋಡಬೇಕು. ಪಾತ್ರೆಯ ಅಳತೆಗೆ ಅಡುಗೆಮನೆಯ ಪಾವು ಇದ್ದರೆ ಒಂದು ಲೀಟರ್ ಬಾಟಲಿಗೆ ಎಷ್ಟು ಪಾವು ನೀರು ಹಿಡಿಯಿತೆಂದು ಮಗುವೇ ಲೆಕ್ಕ ಹಾಕಲಿ.

ಎನ್‌ಸಿಇಆರ್‌ಟಿಯ ದೊಡ್ಡ ತೊಡಕು ಭಾಷೆ. ಈ ಪುಸ್ತಕಗಳನ್ನು ಸಂಸ್ಥೆ ಕನ್ನಡದಲ್ಲಿ ತರುವುದಿಲ್ಲ. ಅದಕ್ಕೇ ಕರ್ನಾಟಕ ಪಠ್ಯಪುಸ್ತಕ ಸಂಘದ ಕನ್ನಡ ಮಾಧ್ಯಮದ ಗಣಿತವನ್ನೂ ಇಳಿಸಿಕೊಂಡು ಪಕ್ಕದಲ್ಲಿಟ್ಟುಕೊಳ್ಳಿ, ಪಿಡಿಎಫ್ ಉಚಿತ. ಎರಡರ ಪಾಠಗಳೂ ಒಂದಕ್ಕೊಂದು ಹೊಂದುವುದಿಲ್ಲ, ಹೊಂದಿಸಲು ಹೋಗಲೂ ಬೇಡಿ. ಬಿಡಿ, ಹತ್ತು, ನೂರು, ಗುಣಾಕಾರ, ಭಾಗಾಕಾರ, ಭಿನ್ನರಾಶಿ ಎಂಬ ಮಾತುಗಳಿಗೆ ಅದು ಬೇಕು. ಬಾಯಿಲೆಕ್ಕ ಕನ್ನಡದಲ್ಲಿ, ಬರವಣಿಗೆ ಇಂಗ್ಲಿಷ್ ಪುಸ್ತಕದಲ್ಲಿ ಎಂದು ನಡೆಸಿದರೆ ಮಗುವಿಗೆ ಗೊಂದಲವಾಗುವುದಿಲ್ಲ. ಇಪ್ಪತ್ತೈದು ಎಂಬ ಪದದಲ್ಲೇ ಇಪ್ಪತ್ತೂ ಐದೂ ಕೇಳುತ್ತವೆ, ಹನ್ನೊಂದರಲ್ಲಿ ಹತ್ತರ ಮೇಲೊಂದು ಕೇಳುತ್ತದೆ. ಇಂಗ್ಲಿಷಿನ ಇಲೆವೆನ್‌ನಲ್ಲಿ ಅದು ಕೇಳುವುದಿಲ್ಲ. ಇಷ್ಟು ಒಳ್ಳೆಯ ಸಲಕರಣೆ ಮನೆಮಾತಿನಲ್ಲೇ ಇರುವಾಗ ಅದನ್ನು ಬಿಟ್ಟು ಕಲಿಸುವುದು ಮಗುವಿಗೆ ಮಾಡುವ ಅನ್ಯಾಯ.

ಒಂದು ಕಡೆ ಮಾತ್ರ ಎಚ್ಚರ ಬೇಕು. ನಮ್ಮ ಮಗ್ಗಿ ‘ಎರಡು ಮೂರ್ಲ ಆರು’ ಎಂದರೆ ಎರಡನ್ನು ಮೂರು ಸಲ ಎಂದರ್ಥ, ಬರೆಯುವುದು 2 × 3. ಇಂಗ್ಲಿಷಿನಲ್ಲಿ ‘ಮೂರು ಸಲ ಎರಡು’ ಎನ್ನುವ ಕ್ರಮದಲ್ಲಿ ಅದನ್ನೇ 3 × 2 ಎಂದು ಬರೆಯುತ್ತಾರೆ. ಉತ್ತರ ಒಂದೇ, ಬರೆಯುವ ಕ್ರಮ ಬೇರೆ. ಹುಣಸೆ ಬೀಜಗಳನ್ನು ಮೂರು ಸಾಲಿನಲ್ಲಿ ಎರಡೆರಡು ಜೋಡಿಸಿ, ಹಾಳೆಯನ್ನು ಅಡ್ಡಕ್ಕೆ ತಿರುಗಿಸಿ ತೋರಿಸಿದರೆ ಜಗಳ ಮುಗಿಯುತ್ತದೆ. ಮಗ್ಗಿ ಪುಸ್ತಕ ಕೊಳ್ಳುವುದಾದರೆ ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಯೂ ಇರುವುದನ್ನೇ ಹುಡುಕಿ.

ಕನ್ನಡಕ್ಕೆ ಪಠ್ಯಪುಸ್ತಕ ಸಂಘದ ಪ್ರಥಮ ಭಾಷೆಯ ಪುಸ್ತಕವೇ ಆಧಾರ. ಇಂಗ್ಲಿಷ್ ಶಾಲೆಯಿಂದ ಬಿಡಿಸಿದ, ಓದು ಹಿಂದುಳಿದ ಮಗುವಾದರೆ ದ್ವಿತೀಯ ಭಾಷೆಯ ಪುಸ್ತಕದಿಂದ ಶುರು ಮಾಡಿ. ಅಕ್ಷರವೇ ಬಾರದಿದ್ದರೆ ಅ ಆ ಇ ಈ ಕ್ರಮದ ಚಾರ್ಟು ಬೇಡ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ, ಚಟುವಟಿಕೆಯಿಂದ ಕಲಿಸುವ ನಲಿಕಲಿಯ ಕ್ರಮ ಹಿಡಿಯಿರಿ: ಮೊದಲು ರ, ಗ, ಸ, ದ, ಅ, ಆಮೇಲೆ ಜ, ವ, ಮ, ಬ, ನ. ಮೊದಲ ಐದರಲ್ಲೇ ಅರಸ, ಸರ, ಗರಗಸ, ದಸರ ಓದಬಹುದು. ಮೊದಲ ವಾರವೇ ಮಗು ಪದ ಓದುತ್ತದೆ.

ಕಥೆಗಳಿಗೆ ಮಕ್ಕಳ ಪುಸ್ತಕದ ಪ್ರಕಾಶನ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣ. 2015ರಿಂದ ನಡೆಯುತ್ತಿದೆ, ಓದಲು, ಇಳಿಸಿಕೊಳ್ಳಲು ದುಡ್ಡಿಲ್ಲ, ನಾಲ್ಕು ಹಂತಗಳಿವೆ. ಒಂದು ಹಂತ ಕೆಳಗಿನಿಂದ ಶುರು ಮಾಡಿ. ‘ಮರದ ಮೇಲಿನಿಂದ’ ಎಂದು ಇಂಗ್ಲಿಷಿನಲ್ಲಿ ಮೂರ್ನಾಲ್ಕು ಚಿಕ್ಕ ಪದಗಳಲ್ಲಿ ಹೇಳುವುದು ಕನ್ನಡದಲ್ಲಿ ಎರಡು ಉದ್ದನೆಯ ಪದಗಳಲ್ಲಿ ಬರುತ್ತದೆ, ಒತ್ತಕ್ಷರದ ಭಾರ ಬೇರೆ. ಹಾಗಾಗಿ ಇಂಗ್ಲಿಷಿನಲ್ಲಿ ಎರಡನೇ ಹಂತ ಓದುವ ಮಗುವಿಗೂ ಕನ್ನಡದ ಎರಡನೇ ಹಂತ ಕಷ್ಟ. ಇದು ಯಾರು ಬೇಕಾದರೂ ಅನುವಾದ ಹಾಕಬಹುದಾದ ತಾಣ, ಎಲ್ಲದರ ಕನ್ನಡವೂ ಒಂದೇ ಮಟ್ಟದ್ದಲ್ಲ. ಮೊದಲ ಪುಟವನ್ನು ನೀವು ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದರೆ ಆ ಕಥೆ ಬಿಡಿ. ಇಷ್ಟವಾದ ಹತ್ತನ್ನು ಅಚ್ಚಿನಲ್ಲೇ ಕೊಳ್ಳಿ, ಉಳಿಸಿದ ದುಡ್ಡು ಇಲ್ಲಿಗೇ. ಪರದೆಯಲ್ಲಿ ಓದಿದ್ದನ್ನು ಮಗು ಮತ್ತೆ ತೆರೆಯುವುದು ಅಪರೂಪ, ಕೈಗೆ ಸಿಗುವ ಪುಸ್ತಕವನ್ನು ಇಪ್ಪತ್ತು ಸಲ ತೆರೆಯುತ್ತದೆ.

ವಿಜ್ಞಾನದ ಕಿಟ್ಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ಅವರ ತಾಣದಲ್ಲಿರುವ ಆಟಿಕೆಗಳು ಸಾಕು. ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ತ್ರಿಕೋನ, ಚೌಕ, ಘನ ಕಟ್ಟಿದರೆ ತ್ರಿಕೋನ ಅಲುಗುವುದಿಲ್ಲ, ಚೌಕ ಬಾಗುತ್ತದೆ ಎಂಬುದು ಕೈಗೇ ಗೊತ್ತಾಗುತ್ತದೆ. ಟ್ಯೂಬನ್ನು 1.5 ಸೆಂಟಿಮೀಟರಿಗೆ ಕತ್ತರಿಸಿ, ಕಡ್ಡಿಯ ಮದ್ದಿನ ತುದಿ ಮೊದಲೇ ಕೆರೆದು ತೆಗೆಯಿರಿ.

ನೋಟ್‌ಬುಕ್ಕಿನಲ್ಲಿ ಆಗುವ ತಪ್ಪು ಕನ್ನಡಕ್ಕೂ ಇಂಗ್ಲಿಷಿನ ನಾಲ್ಕು ಗೆರೆ ಪುಸ್ತಕ ತರುವುದು. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. ನಾಲ್ಕು ಗೆರೆಯಲ್ಲಿ ‘ಸ್ತ್ರೀ’ ಬರೆದರೆ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆ, ಮಗು ಒತ್ತನ್ನು ಪಕ್ಕಕ್ಕೆ ಎಳೆಯಲು ಕಲಿಯುತ್ತದೆ. ಅಗಲ ಅಂತರದ ಎರಡು ಗೆರೆ ಪುಸ್ತಕ ತನ್ನಿ. ಗಣಿತಕ್ಕೆ ಚೌಕುಳಿ, ಒಂದು ಚೌಕಕ್ಕೆ ಒಂದೇ ಅಂಕಿ. ವರ್ಷಕ್ಕೆ 100 ಪುಟದ್ದು ಕನ್ನಡಕ್ಕೆ ಮೂರು, ಗಣಿತಕ್ಕೆ ನಾಲ್ಕು, ಇಂಗ್ಲಿಷಿಗೆ ಎರಡು, ಪರಿಸರಕ್ಕೆ ಒಂದು ಬದಿ ಗೆರೆಯಿಲ್ಲದ್ದು ಎರಡು. ಪೆನ್ಸಿಲ್ ಒತ್ತಿ ಬರೆಯುವ ಮಗುವಿಗೆ ಎಚ್‌ಬಿ ಬದಲು 2ಬಿ ಕೊಟ್ಟರೆ ಬೆರಳು ನೋಯುವುದಿಲ್ಲ.

ಹೊರದೇಶದ ಪೆಟ್ಟಿಗೆ ಸೆಟ್ ಕೊಳ್ಳಲೇಬೇಕೆನ್ನುವವರು ಮೂರು ಪುಟ ನೋಡಿ: ದುಡ್ಡಿನ ಪಾಠ, ಅಳತೆಯ ಪಾಠ, ದೊಡ್ಡ ಸಂಖ್ಯೆಯ ಪಾಠ. ಅಮೆರಿಕದ ಆವೃತ್ತಿಗಳಲ್ಲಿ ಸೆಂಟು, ಇಂಚು ಇರುತ್ತವೆ, ಅಲ್ಪವಿರಾಮ ಮೂರು ಮೂರು ಅಂಕಿಗೆ ಬೀಳುತ್ತದೆ. ನಮ್ಮಲ್ಲಿ ಲಕ್ಷ 1,00,000 ಎಂದು ಬರೆಯಬೇಕು. ಮೂರನ್ನೂ ನೀವೇ ಬದಲಿಸಿ ಕಲಿಸಬೇಕಾದರೆ ಆ ದುಡ್ಡಿಗೆ ನಿಮ್ಮ ಶ್ರಮ ಕಡಿಮೆಯಾಗಲಿಲ್ಲ.

ಮುಂದೆ ಪರೀಕ್ಷೆಗೆ ಏನು ಎಂಬ ಚಿಂತೆಗೆ ಈಗಲೇ ಏನೂ ಕೊಳ್ಳಬೇಕಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್‌ನ ಹತ್ತನೇ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು. ಈಗ ಇಟ್ಟುಕೊಳ್ಳಬೇಕಾದ್ದು ಜನನ ಪ್ರಮಾಣಪತ್ರ, ಶಾಲೆ ಬಿಟ್ಟಿದ್ದರೆ ವರ್ಗಾವಣೆ ಪತ್ರ, ಮತ್ತು ತಿಂಗಳಿಗೆ ಎರಡು ಹಾಳೆಯಂತೆ ತಾರೀಖು ಹಾಕಿದ ಮಗುವಿನ ಬರಹ. ಒಂದು ಹಳೆಯ ಲಿವರ್ ಫೈಲ್ ಸಾಕು.

ಖರೀದಿಯನ್ನು ಮೇ ಮೂರನೇ ವಾರದೊಳಗೆ ಮುಗಿಸಿ. ಜೂನಿಗೆ ಶಾಲೆ ತೆರೆಯುವ ಹೊತ್ತಿಗೆ ಸ್ಟೇಷನರಿ ಅಂಗಡಿಗಳಲ್ಲಿ ಮೊದಲು ಖಾಲಿಯಾಗುವುದೇ ಎರಡು ಗೆರೆ ಮತ್ತು ಚೌಕುಳಿ ಪುಸ್ತಕ.